ಇಳಿಜಾರು ನೆಲದ ಹಣೆಬರಹ

ಮುಚ್ಚಿಹೋದ ಚಿತ್ರಮಂದಿರವೊಂದನ್ನು ಪರೀಕ್ಷಿಸಿ ವರದಿ ಕೊಡಿ ಎಂದು ಯಾರಾದರೂ ಕರೆದಾಗ ನಾನು ಮೊದಲು ಹತ್ತುವುದು ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲನ್ನು. ಮಾಲೀಕರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಛಾವಣಿ ಇನ್ನೆಷ್ಟು ವರ್ಷ ನಿಂತೀತು, ಗೋಡೆ ಎಷ್ಟು ಭಾರ ತಾಳೀತು, ಕೆಡವುವುದು ಲಾಭವೋ ಉಳಿಸುವುದು ಲಾಭವೋ ಎಂಬ ಲೆಕ್ಕವಷ್ಟೇ ಅವರಿಗೆ ಬೇಕಿರುತ್ತದೆ. ಆದರೆ ಆ ಕೋಣೆಯ ಮುಂಗೋಡೆಯಲ್ಲಿರುವ ಕಿಂಡಿಗಳನ್ನು ಎಣಿಸಿದರೆ ಕಟ್ಟಡದ ಅರ್ಧ ಚರಿತ್ರೆ ಅಲ್ಲಿಯೇ ಸಿಗುತ್ತದೆ.

ಕಿಂಡಿಗಳು ಜೋಡಿಜೋಡಿಯಾಗಿರುತ್ತವೆ: ಒಂದು ಯಂತ್ರದ ಬೆಳಕು ಹೊರಹೋಗಲು, ಅದರ ಪಕ್ಕದ್ದು ಆಪರೇಟರ್ ತೆರೆಯನ್ನು ನೋಡಲು. ಹಳೆಯ ಮಂದಿರಗಳಲ್ಲಿ ಇಂಥ ಎರಡು ಜೋಡಿ ಇರುವುದಕ್ಕೆ ಕಾರಣವಿದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ 35 ಮಿಲಿಮೀಟರ್ ಫಿಲ್ಮಿನ 1,000 ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತದೆ. 2,000 ಅಡಿಯದಾದರೆ ಅದರ ಇಮ್ಮಡಿ. ರೀಲು ಮುಗಿಯುವ ಹೊತ್ತಿಗೆ ತೆರೆಯ ಬಲಮೂಲೆಯಲ್ಲಿ ಮಿಂಚಿ ಮಾಯವಾಗುವ ಚುಕ್ಕೆಯನ್ನು ನೋಡಿಕೊಂಡು ಆಪರೇಟರ್ ಎರಡನೆಯ ಯಂತ್ರವನ್ನು ಚಾಲೂ ಮಾಡುತ್ತಿದ್ದರು. ಒಂದು ಜೋಡಿ ಕಿಂಡಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರೆ, ಇಡೀ ಚಿತ್ರವನ್ನು ಒಂದೇ ಸುರುಳಿಯಾಗಿ ಓಡಿಸುವ ಅಡ್ಡತಟ್ಟೆಯ ವ್ಯವಸ್ಥೆ ಬಂದ ಮೇಲೆ ಎರಡನೆಯ ಯಂತ್ರ ಗುಜರಿಗೆ ಹೋಗಿರಬೇಕೆಂದು ಊಹಿಸಬಹುದು. ಸ್ವಲ್ಪ ಮೇಲೆ ಒಂಟಿಯಾಗಿ ಇನ್ನೊಂದು ತೂತಿದ್ದರೆ ಅದು ಜಾಹೀರಾತಿನ ಸ್ಲೈಡುಗಳದ್ದಾಗಿರುವ ಸಂಭವ ಹೆಚ್ಚು.

ಆದರೂ ಕಿಂಡಿಗಳಿಗಿಂತ ಅವುಗಳ ಮೇಲೆ ತೂಗುಬಿಟ್ಟಿರುವ ಉಕ್ಕಿನ ಹಲಗೆಗಳೇ ಹೆಚ್ಚು ಮಾತನಾಡುತ್ತವೆ. ಅಂಗೈ ಅಗಲದ, ಎಣ್ಣೆ ಮೆತ್ತಿ ಕಪ್ಪಾದ ಈ ಹಲಗೆಗಳು ಎರಡು ಪಕ್ಕದ ಜಾಡುಗಳ ನಡುವೆ ಮೇಲೆ ಕೆಳಗೆ ಜಾರುತ್ತವೆ. ಎಲ್ಲವನ್ನೂ ಒಂದೇ ತಂತಿಗೆ ಕಟ್ಟಿ, ಆ ತಂತಿಯ ನಡುವೆ ಸ್ವಲ್ಪ ಶಾಖಕ್ಕೇ ಕರಗುವ ಲೋಹದ ಕೊಂಡಿಯೊಂದನ್ನು ಸೇರಿಸಿರುತ್ತಾರೆ. ಯಂತ್ರದಲ್ಲಿ ಫಿಲ್ಮಿಗೆ ಬೆಂಕಿ ಹತ್ತಿದರೆ ಕೊಂಡಿ ಕರಗಿ, ತಂತಿ ಬಿಟ್ಟುಕೊಂಡು, ಎಲ್ಲ ಕಿಂಡಿಗಳೂ ಒಮ್ಮೆಗೇ ಮುಚ್ಚಿಕೊಳ್ಳಬೇಕು. ಹೊಗೆಯಾಗಲಿ ಜ್ವಾಲೆಯಾಗಲಿ ಜನ ಕುಳಿತ ಸಭಾಂಗಣಕ್ಕೆ ನುಗ್ಗಬಾರದು, ಕಾಣಲೂಬಾರದು. ನೂಕುನುಗ್ಗಲಿಗೆ ಬೆಂಕಿಯೇ ಬೇಕಿಲ್ಲ, ಬೆಂಕಿಯ ನೋಟ ಸಾಕು ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ಮೊದಲ ಅರ್ಧ ಶತಮಾನದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದ್ದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಅದು ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ದೀಪಗಳೂ ಕಡಿಮೆ ಅಪಾಯಕಾರಿಯಾಗಿರಲಿಲ್ಲ: 1897ರ ಮೇ 4ರಂದು ಪ್ಯಾರಿಸ್ಸಿನ ದಾನಸಂತೆಯೊಂದರಲ್ಲಿ ಚಲನಚಿತ್ರ ಯಂತ್ರದ ಈಥರ್ ದೀಪದಿಂದ ಹೊತ್ತಿದ ಬೆಂಕಿಗೆ ಸುಮಾರು 126 ಜನ ಬಲಿಯಾದರು. ಬ್ರಿಟನ್ನಿನಲ್ಲಿ 1909ರ ಸಿನಿಮಾಟೊಗ್ರಾಫ್ ಕಾಯ್ದೆ ಮತ್ತು ಅದರ ನಿಯಮಗಳು ಯಂತ್ರವನ್ನು ಬೆಂಕಿ ತಡೆಯುವ ಪ್ರತ್ಯೇಕ ಕೋಣೆಯಲ್ಲಿಡಬೇಕೆಂದು ವಿಧಿಸಿದವು. ಭಾರತದಲ್ಲಿ 1918ರ ಕಾಯ್ದೆ ಪ್ರದರ್ಶನದ ಜಾಗಕ್ಕೆ ಪರವಾನಗಿಯನ್ನೂ ಚಿತ್ರಕ್ಕೆ ಪ್ರಮಾಣಪತ್ರವನ್ನೂ ಒಟ್ಟಿಗೇ ಕಡ್ಡಾಯ ಮಾಡಿತು. ಬೆಂಕಿಯನ್ನೂ ಕಥೆಯನ್ನೂ ಒಂದೇ ಬಗೆಯ ಅಪಾಯವೆಂದು ಭಾವಿಸಿದ ಆಡಳಿತವದು. ಅಲ್ಲಿಯವರೆಗೆ ಅಂಗಡಿ, ಡೇರೆ, ನಾಟಕಶಾಲೆ ಎಲ್ಲೆಂದರಲ್ಲಿ ನಡೆಯುತ್ತಿದ್ದ ಪ್ರದರ್ಶನಗಳಿಗೆ ಈಗ ದಪ್ಪಗೋಡೆಯ ಯಂತ್ರಕೋಣೆ, ಅಳತೆ ಮಾಡಿದ ನಡುದಾರಿ, ಹೊರಕ್ಕೆ ತೆರೆಯುವ ಬಾಗಿಲು ಬೇಕಾದವು. ಅಲಂಕಾರವೆಲ್ಲ ಆಮೇಲೆ ಬಂದದ್ದು. ಚಿತ್ರಮಂದಿರವೆಂಬ ಕಟ್ಟಡಜಾತಿಗೆ ಮೊದಲು ಆಕಾರ ಕೊಟ್ಟದ್ದು ಬೆಂಕಿಯ ಭಯ. 1950ರ ದಶಕದ ಆರಂಭದಲ್ಲಿ ನೈಟ್ರೇಟು ಬಳಕೆಯಿಂದ ಹೋಯಿತು, ಆಕಾರ ಮಾತ್ರ ಉಳಿಯಿತು.

ಬೆಂಕಿಯ ಜೊತೆಗೆ ಆ ಆಕಾರವನ್ನು ನಿರ್ಧರಿಸಿದ ಇನ್ನೊಂದು ಸಂಗತಿ ಮುಂದಿನ ಸಾಲಿನವರ ತಲೆ. ಹಿಂದಿನವರ ದೃಷ್ಟಿ ಮುಂದಿನವರ ತಲೆಯ ಮೇಲಿಂದ ಹಾಯ್ದು ತೆರೆಯ ಬುಡವನ್ನು ಮುಟ್ಟಬೇಕಾದರೆ ನೆಲ ಒಂದೇ ಸಮನಾಗಿ ಏರಿದರೆ ಸಾಲದು, ಹಿಂದೆ ಹೋದಂತೆ ಏರು ಕಡಿದಾಗುತ್ತ ಹೋಗಬೇಕು. ಉಪನ್ಯಾಸ ಮಂದಿರಗಳಿಗಾಗಿ ಇಂಥ ವಕ್ರರೇಖೆಯನ್ನು 1838ರಲ್ಲಿಯೇ ಲೆಕ್ಕ ಹಾಕಿಕೊಟ್ಟವರು ಹಡಗು ಕಟ್ಟುವುದರಲ್ಲಿ ಹೆಸರಾದ ಇಂಜಿನಿಯರ್ ಜಾನ್ ಸ್ಕಾಟ್ ರಸೆಲ್. ಚಿತ್ರಮಂದಿರಕ್ಕೆ ಬಂದಾಗ ಇನ್ನೊಂದು ತೊಡಕು ಸೇರಿತು: ತೆರೆ ಎತ್ತರದಲ್ಲಿರುವುದರಿಂದ ಮುಂದಿನ ಸಾಲುಗಳವರು ಕತ್ತೆತ್ತಿ ನೋಡಬೇಕು. ಅಮೆರಿಕದ ವಾಸ್ತುಶಿಲ್ಪಿ ಬೆನ್ ಶ್ಲ್ಯಾಂಗರ್ 1930ರ ದಶಕದಲ್ಲಿ ಇದಕ್ಕೆ ಸೂಚಿಸಿದ ಉಪಾಯ, ನೆಲವನ್ನು ನಡುವಿನವರೆಗೆ ತಗ್ಗಿಸಿ ಅಲ್ಲಿಂದ ತೆರೆಯ ಕಡೆಗೆ ಮತ್ತೆ ಏರಿಸುವುದು. ಆಗ ಮುಂದಿನ ಸಾಲಿನ ಕುರ್ಚಿಗಳು ತಾವಾಗಿಯೇ ಹಿಂದಕ್ಕೆ ಒರಗುತ್ತವೆ. ಖಾಲಿ ಮಂದಿರದಲ್ಲಿ ಗೋಲಿಯೊಂದನ್ನು ಹಿಂಬದಿಯಿಂದ ಉರುಳಬಿಟ್ಟು ಅದು ತೆರೆಯ ಬುಡದವರೆಗೂ ಹೋಗುತ್ತದೆಯೋ ನಡುವೆಯೇ ನಿಲ್ಲುತ್ತದೆಯೋ ಎಂದು ನಾನು ನೋಡುವುದುಂಟು. ಮಟ್ಟ ಅಳೆಯುವ ಯಂತ್ರ ಕೈಯಲ್ಲಿದ್ದರೂ ಈ ಆಟ ಬಿಡಲಾಗಿಲ್ಲ.

ಮೂರನೆಯದು ಕಂಬವಿಲ್ಲದ ಅಗಲ. ಯಾರ ಕಣ್ಣಿಗೂ ಅಡ್ಡ ಬರಬಾರದೆಂದರೆ ಛಾವಣಿಯ ಭಾರವೆಲ್ಲ ಉಕ್ಕಿನ ತ್ರಿಕೋನ ಚೌಕಟ್ಟುಗಳ ಮೂಲಕ ಎರಡು ಬದಿಯ ಗೋಡೆಗಳಿಗೆ ಇಳಿಯಬೇಕು. ಚೌಕಟ್ಟಿನ ತುದಿ ಗೋಡೆಯ ಮೇಲೆ ಕೂರುವ ಜಾಗ ಕೆಲವೇ ಅಂಗುಲ. ಆ ಅಂಗುಲಗಳು ಕೈಕೊಟ್ಟರೆ ಏನಾಗುತ್ತದೆಂಬುದನ್ನು ವಾಷಿಂಗ್ಟನ್ನಿನ ನಿಕರ್‌ಬಾಕರ್ ಚಿತ್ರಮಂದಿರ ತೋರಿಸಿತು. 1922ರ ಜನವರಿ 28ರ ರಾತ್ರಿ ಹಿಮದ ಭಾರಕ್ಕೆ ಅದರ ಸಮತಟ್ಟು ಛಾವಣಿ ಪ್ರದರ್ಶನದ ನಡುವೆಯೇ ಕುಸಿದು 98 ಜನ ಸತ್ತರು. ಆದ್ದರಿಂದ ನಾನು ಛಾವಣಿಯ ನಡುಭಾಗಕ್ಕಿಂತ ಅದರ ತುದಿಗಳನ್ನು ಹೆಚ್ಚು ಹೊತ್ತು ನೋಡುತ್ತೇನೆ. ಉಕ್ಕು ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಇಟ್ಟಿಗೆಯನ್ನು ತಳ್ಳುತ್ತದೆ. ಹೊರಗೋಡೆಯ ಮೇಲ್ಭಾಗದಲ್ಲಿ ಸಮ ಅಂತರದಲ್ಲಿ ಸಣ್ಣ ಬಿರುಕುಗಳು ಕಂಡರೆ ಒಳಗೆ ಪ್ರತಿ ಚೌಕಟ್ಟಿನ ತುದಿಗೂ ನೀರು ತಲುಪುತ್ತಿದೆ ಎಂದೇ ತಿಳಿಯಬೇಕು.

ಈ ಮೂರರ ಮೇಲೆ ಕಾಲಕಾಲಕ್ಕೆ ಹೊಸ ಪದರಗಳು ಕೂತಿವೆ. 1920ರ ದಶಕದ ಕೊನೆಯಲ್ಲಿ ಚಿತ್ರಗಳಿಗೆ ಮಾತು ಬಂದಾಗ ವಾದ್ಯದವರ ತಗ್ಗನ್ನು ಮುಚ್ಚಿ, ಪ್ರತಿಧ್ವನಿ ಹೀರಲು ಗೋಡೆಗಳಿಗೆ ನಾರಿನ ಹಲಗೆ ಹೊದಿಸಿದರು. ಆ ಹೊದಿಕೆಯಲ್ಲಿ ಉಸಿರಿಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇರುವುದರಿಂದ ಪರೀಕ್ಷೆಯಾಗುವ ತನಕ ಅದನ್ನು ಕೀಳಬಾರದು, ಕೊರೆಯಲೂಬಾರದು. 1953ರಲ್ಲಿ ಅಗಲ ತೆರೆಯ ಸಿನಿಮಾಸ್ಕೋಪ್ ಬಂದಾಗ ನಡೆದ ಬದಲಾವಣೆ ಇನ್ನೂ ದೊಡ್ಡದು. ಅದುವರೆಗಿನ ತೆರೆಯ ಅಗಲ ಎತ್ತರದ ಸುಮಾರು 1.37 ಪಟ್ಟಿದ್ದರೆ ಹೊಸ ಚಿತ್ರಕ್ಕೆ 2.5 ಪಟ್ಟಿಗೂ ಹೆಚ್ಚು ಬೇಕಾಯಿತು. ಹಳೆಯ ವೇದಿಕೆಯ ಚೌಕಟ್ಟಿನೊಳಗೆ ಅದು ಹಿಡಿಸದು. ಕೆಲವರು ಚೌಕಟ್ಟನ್ನೇ ಒಡೆದು ಅಗಲಿಸಿದರು. ಜಾಣರೋ ಸೋಮಾರಿಗಳೋ ಆದ ಇನ್ನು ಕೆಲವರು ಅದರ ಮುಂದೆಯೇ ಹೊಸ ತೆರೆ ಕಟ್ಟಿ ಹಿಂದಿನದನ್ನು ಕತ್ತಲಲ್ಲಿ ಬಿಟ್ಟರು. ಈ ಎರಡನೆಯವರಿಗೆ ನನ್ನ ವೃತ್ತಿಯವರು ಋಣಿಗಳು. ಅಂಥ ತೆರೆಯೊಂದರ ಹಿಂದೆ ಏಣಿ ಹಾಕಿ ಟಾರ್ಚು ಹಿಡಿದಾಗ ಕಮಾನಿನುದ್ದಕ್ಕೂ ಗಾರೆಯ ಹೂಬಳ್ಳಿ ಕಂಡಿತು, ಎಲೆಗಳ ಅಂಚಿನ ಬಂಗಾರದ ಬಣ್ಣ ಬೆರಳಲ್ಲಿ ಧೂಳು ಒರೆಸಿದಷ್ಟಕ್ಕೆ ಹೊಳೆಯಿತು. ಸಭಾಂಗಣದ ಉಳಿದ ಗೋಡೆಗಳಿಗೆ ಅಷ್ಟರಲ್ಲಿ ಎಷ್ಟು ಕೋಟು ಬಣ್ಣ ಬಿದ್ದಿತ್ತೋ ಲೆಕ್ಕವಿಲ್ಲ.

ಆಮೇಲೆ ಟೆಲಿವಿಷನ್ ಬಂತು, ಬಾಲ್ಕನಿಯನ್ನು ಒಂದು ಮಂದಿರ, ಕೆಳಗಿನದನ್ನು ಇನ್ನೊಂದು ಮಂದಿರವೆಂದು ವಿಂಗಡಿಸಿದ್ದಾಯಿತು. ಡಿಜಿಟಲ್ ಯಂತ್ರ ಬಂದು ಪ್ರೊಜೆಕ್ಟರ್ ಕೋಣೆಯೇ ಅನಗತ್ಯವಾಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ.

ಗೊತ್ತಿಲ್ಲದ್ದು ಮುಚ್ಚಿದ ಮೇಲಿನ ಕಥೆ. ಚಿತ್ರಮಂದಿರಗಳು ಹಳತಾಗಿ ಬಿದ್ದುಹೋಗುತ್ತವೆ ಎಂಬ ನಂಬಿಕೆ ತಪ್ಪು. ಅವು ನೆನೆದು ಬೀಳುತ್ತವೆ. ದೊಡ್ಡ ಛಾವಣಿಯ ನೀರನ್ನೆಲ್ಲ ಮುಂಗೋಡೆಯ ಹಿಂದೆ ಅಡಗಿಸಿಟ್ಟ ಕಿರಿದಾದ ದೋಣಿಗಳು, ಅಂದರೆ ಮಳೆನೀರಿನ ಕಾಲುವೆಗಳು, ಹೊರುತ್ತವೆ. ಪ್ರದರ್ಶನ ನಡೆಯುವಾಗ ಅವುಗಳಲ್ಲಿನ ಎಲೆ, ಪಾರಿವಾಳದ ಗೂಡು ತೆಗೆಯಲು ಒಬ್ಬರಿರುತ್ತಾರೆ. ಬೀಗ ಬಿದ್ದ ಮರುವರ್ಷವೇ ದೋಣಿ ಕಟ್ಟಿಕೊಂಡು ನೀರು ಒಳಮುಖವಾಗಿ ಹರಿಯುತ್ತದೆ. ಒಳಗಿನ ಅಲಂಕಾರದ ಚಾವಣಿ ಬಹಳಷ್ಟು ಕಡೆ ತೆಳುವಾದ ಗಾರೆಯದ್ದು. ಗಾರೆಯಲ್ಲಿ ಅದ್ದಿದ ಗೋಣಿನಾರಿನ ಕಟ್ಟುಗಳಿಂದ ಅದನ್ನು ಮೇಲಿನ ಮರಕ್ಕೋ ಉಕ್ಕಿಗೋ ನೇತುಹಾಕಿರುತ್ತಾರೆ. ಕೆಳಗಿನಿಂದ ನೋಡಿದರೆ ಕಲೆಯೊಂದನ್ನು ಬಿಟ್ಟರೆ ಏನೂ ಕಾಣದು. ಮೇಲಿನ ಅಟ್ಟಕ್ಕೆ ತೆವಳಿಕೊಂಡು ಹೋಗಿ ಕಟ್ಟೊಂದನ್ನು ಹಿಡಿದರೆ ಗೋಣಿನಾರು ಹುರಿದ ಹಿಟ್ಟಿನಂತೆ ಬೆರಳ ಸಂದಿಯಲ್ಲಿ ಉದುರುತ್ತದೆ. 1901ರ ನಾಟಕಮಂದಿರವಾದ ಲಂಡನ್ನಿನ ಅಪೊಲೊದಲ್ಲಿ 2013ರ ಡಿಸೆಂಬರ್ 19ರಂದು ಪ್ರದರ್ಶನದ ಹೊತ್ತಿನಲ್ಲಿ ಚಾವಣಿಯ ಭಾಗ ಕಳಚಿ ಬಿದ್ದು ಹಲವರು ಗಾಯಗೊಂಡಾಗ ತನಿಖೆಯಲ್ಲಿ ಹೊರಬಿದ್ದದ್ದು ಇಂಥ ನಾರಿನ ಕಟ್ಟುಗಳ ಸವಕಳಿಯೇ. ನಿತ್ಯ ಬಳಕೆಯಲ್ಲಿದ್ದ ಕಟ್ಟಡದ ಪಾಡು ಅದಾದರೆ ಹತ್ತು ಮಳೆಗಾಲ ಬೀಗ ಬಿದ್ದದ್ದರ ಪಾಡನ್ನು ಹೇಳಬೇಕಾಗಿಲ್ಲ.

ನೀರಿನಿಂದ ಪಾರಾದ ಕಟ್ಟಡಗಳ ಮುಂದಿನ ಪ್ರಶ್ನೆ ಹೊಸ ಕೆಲಸದ್ದು. ಕಿಟಕಿಯಿಲ್ಲದ ಗೋಡೆ, ಕಂಬವಿಲ್ಲದ ಅಗಲ, ಇಳಿಜಾರು ನೆಲ: ಈ ಮೂರನ್ನೂ ಒಪ್ಪಿಕೊಳ್ಳುವ ಉದ್ಯೋಗಗಳು ಲೋಕದಲ್ಲಿ ಹೆಚ್ಚಿಲ್ಲ. ಕಚೇರಿಗೆ ಕಿಟಕಿ ಬೇಕು, ಅಂಗಡಿಗೆ ಸಮನೆಲ ಬೇಕು, ವಸತಿಗೆ ಎರಡೂ ಬೇಕು. ಜನ ಸೇರಿ ಒಂದೇ ದಿಕ್ಕಿಗೆ ಮುಖಮಾಡಿ ಕೂರುವ ಕೆಲಸಗಳಷ್ಟೇ ಈ ಆಕಾರಕ್ಕೆ ಸಲೀಸಾಗಿ ಹೊಂದುತ್ತವೆ. ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ 1930ರಲ್ಲಿ ತೆರೆದ ಆಸ್ಟೋರಿಯಾ ಸಂಗೀತ ಕಛೇರಿಗಳ ಮಂದಿರವಾಗಿ, ಬಳಿಕ ಚರ್ಚಾಗಿ ಉಳಿದುಕೊಂಡಿತು. ಅದೇ ನಗರದ ಟೂಟಿಂಗಿನಲ್ಲಿ 1931ರ ಗ್ರೆನೇಡಾ, ಅಂಕಿಯಾಟ ಬಿಂಗೊದ ಮನೆಯಾಗಿ ಬದುಕಿ, 2000ದಲ್ಲಿ ಪಾರಂಪರಿಕ ಕಟ್ಟಡಗಳ ಮೊದಲ ದರ್ಜೆಗೆ ಏರಿತು. ಜೂಜಿನಿಂದ ಉಳಿದ ಶಿಲ್ಪವೆಂದು ಮೂಗು ಮುರಿಯುವವರಿದ್ದಾರೆ. ಪ್ರತಿದಿನ ದೀಪ ಹಚ್ಚಿ, ಸೋರಿದಾಗ ದುರಸ್ತಿ ಮಾಡಿಸುವ ಬಾಡಿಗೆದಾರರು ಸಿಕ್ಕರೆ ನಾನಂತೂ ಅವರ ದಂಧೆಯನ್ನು ಕೇಳುವುದಿಲ್ಲ.

ಬ್ಯೂನಸ್ ಐರಿಸ್ಸಿನ ಗ್ರ್ಯಾಂಡ್ ಸ್ಪ್ಲೆಂಡಿಡ್ 1919ರಲ್ಲಿ ನಾಟಕಮಂದಿರವಾಗಿ ಹುಟ್ಟಿ, ಚಿತ್ರಮಂದಿರವಾಗಿ, 2000ದಲ್ಲಿ ಪುಸ್ತಕದಂಗಡಿಯಾಯಿತು. ಅದರ ಬಾಗಿದ ಬಾಲ್ಕನಿಗಳಿಗೆ ಪುಸ್ತಕದ ಕಪಾಟುಗಳು ಹೇಳಿ ಮಾಡಿಸಿದಂತೆ ಹೊಂದಿಕೊಂಡವು. ಡೆಟ್ರಾಯಿಟಿನ ಮಿಷಿಗನ್ ಥಿಯೇಟರಿನದು ಬೇರೆಯೇ ಗತಿ. 1926ರ ಈ ಸುಮಾರು 4,000 ಆಸನಗಳ ಅರಮನೆ 1976ರಲ್ಲಿ ಮುಚ್ಚಿತು. ಅಂಟಿಕೊಂಡೇ ಇದ್ದ ಕಚೇರಿ ಕಟ್ಟಡಕ್ಕೆ ಧಕ್ಕೆಯಾದೀತೆಂದು ಪೂರ್ತಿ ಕೆಡವಲಾಗದೆ, ಒಳಗನ್ನು ಬರಿದುಮಾಡಿ ಕಾರು ನಿಲ್ಲಿಸುವ ಮಹಡಿಗಳನ್ನು ಕಟ್ಟಿದರು. ಈಗಲೂ ಕಾರುಗಳ ತಲೆಯ ಮೇಲೆ ಹರಕು ಗಾರೆಯ ಚಾವಣಿ ಇದೆ. ಹೆನ್ರಿ ಫೋರ್ಡ್ ತನ್ನ ಮೊದಲ ಕಾರನ್ನು ಮಾಡಿದ ಶೆಡ್ಡು ಇದ್ದದ್ದೂ ಅದೇ ಜಾಗದಲ್ಲಿ ಎಂಬುದನ್ನು ಕಥೆಗಾರರು ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ನಮ್ಮ ಕೈಗೆ ಬರುವ ಪ್ರಕರಣಗಳಲ್ಲಿ ಸಾಮಾನ್ಯ ಬೇಡಿಕೆ ಇಷ್ಟು ನಾಟಕೀಯವಲ್ಲ: ನೆಲ ಸಮಮಾಡಿ ಕೊಡಿ. ಒಂದು ಕಡೆ, ನಾನು ಬರುವ ಮೊದಲೇ, ಗುತ್ತಿಗೆದಾರರು ಕಟ್ಟಡದ ಕಲ್ಲುಮಣ್ಣನ್ನೇ ಸುರಿದು ತಗ್ಗನ್ನು ತುಂಬಿದ್ದರು. ತುಂಬಿದ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ, ಕೆಳಕ್ಕೆ ಒತ್ತುವಂತೆಯೇ ಪಕ್ಕಕ್ಕೂ ಒತ್ತುತ್ತದೆ. ಛಾವಣಿಯನ್ನು ಹೊರಲೆಂದು ಕಟ್ಟಿದ ಗೋಡೆ ಪಕ್ಕದ ಒತ್ತಡವನ್ನು ಕನಸಿನಲ್ಲೂ ಎಣಿಸಿರಲಿಲ್ಲ. ತೆರೆಯ ಕಡೆಯಲ್ಲಿ, ತುಂಬು ಎರಡು ಮೀಟರಿದ್ದಲ್ಲಿ, ಅದು ಹೊರಕ್ಕೆ ಬಾಗಿ ಬಿರುಕು ಬಿಟ್ಟಿತ್ತು, ಮಣ್ಣಿನ ತೇವ ಗಾರೆಯೊಳಗೆ ಎದೆಮಟ್ಟಕ್ಕೆ ಏರಿತ್ತು. ಇದರ ಬದಲು ಇಳಿಜಾರನ್ನು ಹಾಗೆಯೇ ಬಿಟ್ಟು, ಉಕ್ಕಿನ ಗಿಡ್ಡ ಕಾಲುಗಳ ಮೇಲೆ ಹಲಗೆಯ ನೆಲ ಹಾಸಿದರೆ ಭಾರ ಕಡಿಮೆ, ಕೆಳಗೆ ಗಾಳಿಯಾಡುತ್ತದೆ, ತಂತಿ ಕೊಳವೆಗಳಿಗೆ ದಾರಿಯಾಗುತ್ತದೆ, ಬೇಡವೆನಿಸಿದ ದಿನ ಬಿಚ್ಚಿ ತೆಗೆಯಬಹುದು. ಹೊಸ ನೆಲದ ಎತ್ತರಕ್ಕೆ ತಕ್ಕಂತೆ ತುರ್ತು ಬಾಗಿಲುಗಳನ್ನು ಎತ್ತರಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತದ್ದಕ್ಕೆ ಟ್ರಾನ್ಸ್‌ಫಾರ್ಮರಿನ ಬೆಂಕಿಯಷ್ಟೇ ಕಾರಣವಾಗಿರಲಿಲ್ಲ. ಹೆಚ್ಚುವರಿ ಕುರ್ಚಿಗಳಿಗಾಗಿ ಮುಚ್ಚಿದ ಹೊರದಾರಿಯೂ ಕಾರಣವಾಗಿತ್ತು.

ಮುಂಗೋಡೆಯೊಂದನ್ನು ನಿಲ್ಲಿಸಿಕೊಂಡು ಹಿಂದಿನದೆಲ್ಲ ಕೆಡವಿ, ಅಂಗಡಿ ಮಳಿಗೆ ಕಟ್ಟಿ, ಪರಂಪರೆ ಉಳಿಸಿದೆವೆಂದು ಫಲಕ ಹಾಕುವ ರೂಢಿಗೆ ನಾನು ಸಹಿ ಹಾಕುವುದಿಲ್ಲ. ರಸ್ತೆಗೆ ಕಾಣುವ ಗೋಡೆ ಚಿತ್ರಮಂದಿರದ ಅತ್ಯಂತ ಅಗ್ಗದ ಭಾಗ. ಹಣ, ಲೆಕ್ಕ, ಜಾಣ್ಮೆ ಎಲ್ಲ ಒಳಗಿನ ಆ ಅಗಲದಲ್ಲಿ, ಬಾಲ್ಕನಿಯನ್ನು ಹೊತ್ತ ಒಂದು ದೊಡ್ಡ ತೊಲೆಯಲ್ಲಿ, ನೆಲದ ವಕ್ರದಲ್ಲಿ ಇವೆ.

ಹೊಸ ಕೆಲಸ ಸಿಗುವವರೆಗೆ ಕಟ್ಟಡ ಕಾಯುವುದಾದರೂ ಅದಕ್ಕೆ ಬೇಕಾದದ್ದು ಸ್ವಲ್ಪವೇ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿರುವ ಕಿಂಗ್ಸ್ ಥಿಯೇಟರ್ 1929ರಲ್ಲಿ ತೆರೆದು 1977ರಲ್ಲಿ ಮುಚ್ಚಿ, ಸುಮಾರು 9.5 ಕೋಟಿ ಡಾಲರ್ ಖರ್ಚಿನ ಮೇಲೆ 2015ರಲ್ಲಿ ಮತ್ತೆ ತೆರೆಯಿತು. ನಡುವಿನ ದಶಕಗಳಲ್ಲಿ ಛಾವಣಿಯಿಂದ ಇಳಿದ ನೀರು ಮಾಡಿದ ಹಾನಿಯನ್ನು ಸರಿಪಡಿಸುವುದು ಆ ಕೆಲಸದ ಭಾರೀ ಪಾಲಾಗಿತ್ತು. ಹೀಗಾಗಿ ನನ್ನ ವರದಿಯ ಮೊದಲ ಪುಟದಲ್ಲಿ ಕೆಡವುವ, ಉಳಿಸುವ ಮಾತು ಇರುವುದಿಲ್ಲ. ದೋಣಿಗಳನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಡುವೊಮ್ಮೆ ಶುಚಿಮಾಡಿಸಿ. ಒಡೆದ ಹೆಂಚು ತಗಡುಗಳನ್ನು ಬದಲಿಸಿ. ಎದುರುಬದುರಿನ ಎರಡು ಗಾಳಿಗಂಡಿಗಳಿಗೆ ಜಾಲರಿ ಕಟ್ಟಿ ತೆರೆದಿಡಿ. ಅಟ್ಟದ ದೀಪಕ್ಕಷ್ಟಾದರೂ ವಿದ್ಯುತ್ ಉಳಿಸಿಕೊಳ್ಳಿ. ಪರವಾನಗಿಗೆಂದು ಹಿಂದೆ ಸಲ್ಲಿಸಿದ ನಕ್ಷೆಗಳ ಪ್ರತಿ ಸಿಗುವುದೋ ವಿಚಾರಿಸಿ ಎಂದಷ್ಟೇ ಬರೆಯುತ್ತೇನೆ. ಓದಿದ ಮಾಲೀಕರೊಬ್ಬರು, ಇಷ್ಟು ಹೇಳಲು ಇಂಜಿನಿಯರ್ ಬೇಕಿತ್ತೇ ಎಂದು ಕೇಳಿದ್ದರು. ಮುಂದಿನ ಮಳೆಗಾಲಕ್ಕೆ ನಾನು ಅಲ್ಲಿಗೆ ಮತ್ತೆ ಹೋದಾಗ ದೋಣಿ ಶುಚಿಯಾಗಿತ್ತು, ಕಟ್ಟಡದ ಬೆಲೆಯ ಚರ್ಚೆ ಇನ್ನೂ ಮುಗಿದಿರಲಿಲ್ಲ.