ಬಾಕಿ ಕೊಡುವ ಮೊದಲೇ ಹೊಸ ಬಿಲ್ಲು: ‘ಆರ್ಕ್’ ಆಡುವವರ ಸಿಟ್ಟು ಎಲ್ಲಿಂದ ಬಂತು?

‘ಆರ್ಕ್’ ಎಂಬ ಕಂಪ್ಯೂಟರ್ ಗೇಮ್ ಗಂಟೆಗಳ ಆಟವಲ್ಲ, ದಿನಗಳ ಆಟ. ಬರಿಗೈಯಲ್ಲಿ ಸಮುದ್ರದ ದಂಡೆಗೆ ಬಂದು ಬೀಳುತ್ತೀರಿ. ಕಲ್ಲು, ಕಟ್ಟಿಗೆ, ನಾರು ಕೂಡಿಸಿ ಗುಡಿಸಲು ಕಟ್ಟಬೇಕು, ಡೈನೋಸಾರ್ ಹಿಡಿದು ಪಳಗಿಸಬೇಕು, ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕಬೇಕು. ಆಟದ ಮೂಲ ವೇಗದಲ್ಲಿ ರೆಕ್ಸ್ ಮರಿ ಬೆಳೆದು ದೊಡ್ಡದಾಗಲು ಹತ್ತಿರ ಹತ್ತಿರ 4 ದಿನ ಬೇಕು, ಗಿಗನೋಟೊಸಾರಸ್‌ಗೆ 10 ದಿನದ ಮೇಲೆ. ಇವು ಆಟದೊಳಗಿನ ದಿನಗಳಲ್ಲ, ಗೋಡೆ ಗಡಿಯಾರದ ದಿನಗಳು. ಸುಮಾರು 8 ಗಂಟೆಗೊಮ್ಮೆ ಮರಿಯನ್ನು ಮುದ್ದು ಮಾಡದಿದ್ದರೆ ಅದಕ್ಕೆ ಸಿಗಬೇಕಾದ ಹೆಚ್ಚುವರಿ ಬಲ ಪೂರ್ತಿ ಸಿಗುವುದಿಲ್ಲ. ದಾವಣಗೆರೆಯ ವಿದ್ಯಾನಗರದ ಪಿಜಿಯಲ್ಲೋ ಎಂಸಿಸಿ ‘ಬಿ’ ಬ್ಲಾಕ್‌ನ ಬಾಡಿಗೆ ರೂಮಿನಲ್ಲೋ ನಾಲ್ಕು ಜನ ಸೇರಿ ಈ ಆಟ ಆಡುವುದಾದರೆ ರಾತ್ರಿ ಪಾಳಿ ಹಾಕಿಕೊಳ್ಳಲೇಬೇಕು.

ಹೀಗೆ ನಿದ್ದೆಗೆಟ್ಟು ಕಟ್ಟಿದ ಲೋಕದೊಳಗೆ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಪ್ರಾಣಿಯೊಂದು ಕಾಲಿಟ್ಟರೆ ಆಡುವವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಈ ಆಟದ ಹೊಸ ರೂಪವಾದ ‘ಆರ್ಕ್: ಸರ್ವೈವಲ್ ಅಸೆಂಡೆಡ್’ ಮೇಲೆ ಆಡುವವರಿಗಿರುವ ಸಿಟ್ಟನ್ನು ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಕೊಡಬೇಕಾದ್ದನ್ನು ಕೊಟ್ಟು ಮುಗಿಸುವ ಮೊದಲೇ ಇನ್ನೊಂದನ್ನು ಮಾರಾಟಕ್ಕಿಡುವ ರೂಢಿ ಈ ಆಟಕ್ಕೆ ಹಳೆಯದು. ಅದು ಶುರುವಾದದ್ದು 2016ರಲ್ಲಿ.

ಮೂಲ ಆಟ ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ 2015ರ ಜೂನ್ 2ರಂದು ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ ಬಂತು. ಆಟ ಇನ್ನೂ ಪೂರ್ತಿಯಾಗಿಲ್ಲ, ಈಗಲೇ ಕೊಂಡು ಆಡುತ್ತಾ ತಪ್ಪು ಹೇಳಿ, ನಾವು ತಿದ್ದುತ್ತಾ ಹೋಗುತ್ತೇವೆ ಎನ್ನುವ ಕರಾರು ಅದು. ಎಲ್ಲರೂ ಸೇರಿ ಆಡುವ ಲೋಕವನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ತಡವರಿಸುತ್ತಿತ್ತು, ಒಳ್ಳೆಯ ಕಂಪ್ಯೂಟರ್‌ನಲ್ಲೂ ಚಿತ್ರ ಜಗ್ಗುತ್ತಿತ್ತು. ಕರಾರು ಗೊತ್ತಿದ್ದ ಜನ ಸಹಿಸಿಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ತಯಾರಕರಾದ ಸ್ಟುಡಿಯೋ ವೈಲ್ಡ್‌ಕಾರ್ಡ್ ‘ಸ್ಕಾರ್ಚ್ಡ್ ಅರ್ತ್’ ಎಂಬ ಮರುಭೂಮಿ ವಿಸ್ತರಣೆಯನ್ನು 20 ಡಾಲರ್‌ಗೆ ಬಿಟ್ಟಿತು. ಮೂಲ ಆಟದ ಪೂರ್ಣ ಬಿಡುಗಡೆಗೆ ಆಗ ಇನ್ನೂ ಒಂದು ವರ್ಷ ಬಾಕಿ. ಸ್ಟೀಮ್ ವಿಮರ್ಶೆಗಳು ಕೆಂಪಾದವು. ವಿಸ್ತರಣೆಗಳನ್ನು ಆಟಕ್ಕೆ ಜೋಡಿಸುವ ತಾಂತ್ರಿಕ ವ್ಯವಸ್ಥೆಯನ್ನು ಮೊದಲೇ ಕಟ್ಟಿ ಪರೀಕ್ಷಿಸುವುದು ಒಳ್ಳೆಯದು ಎಂಬುದು ಕಂಪನಿಯ ಸಮಜಾಯಿಷಿ. ತಾಂತ್ರಿಕವಾಗಿ ಅದು ಸುಳ್ಳಲ್ಲ. ಆದರೆ ಪರೀಕ್ಷೆ ಮಾಡಿಕೊಡುವವರಿಂದಲೇ ಅದಕ್ಕೆ 20 ಡಾಲರ್ ಯಾಕೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ನಮ್ಮ ಕಡೆ ಸೈಟು ಕೊಂಡವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಲೇಔಟ್ ನಕ್ಷೆಯಲ್ಲಿ ರಸ್ತೆ, ಚರಂಡಿ, ಪಾರ್ಕು ತೋರಿಸಿ ಸೈಟು ಮಾರಿ, ಚರಂಡಿಗೆ ಗುಂಡಿ ತೋಡುವ ಮೊದಲೇ ಎರಡನೇ ಹಂತದ ಸೈಟುಗಳ ಬೋರ್ಡ್ ಹಾಕಿದರೆ ಮೊದಲ ಹಂತದವರು ಸುಮ್ಮನಿರುತ್ತಾರೆಯೇ?

2017ರ ಜುಲೈನಲ್ಲಿ 30 ಡಾಲರ್ ಇದ್ದ ಮೂಲ ಆಟದ ಬೆಲೆಯನ್ನು 60ಕ್ಕೆ ಏರಿಸಿ, ಆಗಸ್ಟ್ 29ರಂದು ಪೂರ್ಣ ಬಿಡುಗಡೆ ಮಾಡಿದರು. ಆಮೇಲೆ ‘ಅಬೆರೇಷನ್’, ‘ಎಕ್ಸ್‌ಟಿಂಕ್ಷನ್’, ‘ಜೆನೆಸಿಸ್’ನ ಎರಡು ಭಾಗಗಳು, ಎಲ್ಲವೂ ಹಣಕ್ಕೆ. ಇವುಗಳ ಮೇಲೆ ಅಷ್ಟು ಸಿಟ್ಟು ಏಳಲಿಲ್ಲ. ಅದಕ್ಕೆ ಕಾರಣ ಸರಳ: ಮೂಲ ಆಟ ಆಗ ಪೂರ್ತಿಯಾಗಿತ್ತು, ಜೊತೆಗೆ ‘ದಿ ಸೆಂಟರ್’, ‘ರಾಗ್ನರಾಕ್’, ‘ವಾಲ್ಗೆರೊ’, ‘ಕ್ರಿಸ್ಟಲ್ ಐಲ್ಸ್’, ‘ಲಾಸ್ಟ್ ಐಲ್ಯಾಂಡ್’, ‘ಫ್ಯೋರ್ಡುರ್’ ಎಂಬ ಆರು ದೊಡ್ಡ ಮ್ಯಾಪ್‌ಗಳು, ಅಂದರೆ ಆಡುವ ಲೋಕಗಳು, ಪುಕ್ಕಟೆ ಸಿಕ್ಕಿದವು. ಅವುಗಳ ಬೇರು ಮಾಡ್‌ಗಳಲ್ಲಿ, ಅಂದರೆ ಆಟಕ್ಕೆ ಅಭಿಮಾನಿಗಳೇ ಮಾಡಿ ಸೇರಿಸಿದ ಹೊಸ ಭಾಗಗಳಲ್ಲಿತ್ತು. ಮಾಡ್ ಮಾಡುವವರ ಈ ದುಡಿಮೆಯೇ ‘ಆರ್ಕ್’ ಅನ್ನು ಇಷ್ಟು ವರ್ಷ ಬದುಕಿಸಿತು ಎಂದು ನಾವು ನಂಬುತ್ತೇವೆ. 2022ರ ಜೂನ್‌ನಲ್ಲಿ ಮೂಲ ಆಟವನ್ನೇ ಸ್ಟೀಮ್‌ನಲ್ಲಿ ಕೆಲವು ದಿನ ಉಚಿತವಾಗಿ ಕೊಟ್ಟರು. ಹಳೆಯ ಲ್ಯಾಪ್‌ಟಾಪ್‌ನ ವಿದ್ಯಾರ್ಥಿಗೂ ಆಗ ಬಾಗಿಲು ತೆರೆಯಿತು.

ಆ ಬಾಗಿಲು ಹೆಚ್ಚು ದಿನ ತೆರೆದಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ‘ಆರ್ಕ್ 2’ ಘೋಷಣೆಯಾಗಿತ್ತು, ಜನ ಅದಕ್ಕೆ ಕಾಯುತ್ತಿದ್ದರು. 2023ರ ಮಾರ್ಚ್ 31ರಂದು ಬಂದ ಸುದ್ದಿ ಬೇರೆಯೇ: ‘ಆರ್ಕ್ 2’ 2024ರ ಕೊನೆಗೆ ಹೋಗುತ್ತದೆ, ಅದರ ಬದಲು ಹಳೆಯ ಆಟವನ್ನೇ ಅನ್‌ರಿಯಲ್ ಎಂಜಿನ್ 5 ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಹೊಸದಾಗಿ ಮಾಡಿ ಮಾರುತ್ತೇವೆ, ಹಳೆಯ ಆಟದ ಅಧಿಕೃತ ಸರ್ವರ್‌ಗಳನ್ನು ಮುಚ್ಚುತ್ತೇವೆ. ಮೊದಲ ಯೋಜನೆಯಲ್ಲಿ ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್‌ನವರಿಗೆ ‘ಆರ್ಕ್ 2’ ಜೊತೆ ಕಟ್ಟಿದ 50 ಡಾಲರ್‌ನ ಗಂಟು, ಹಳೆಯ ವಿಸ್ತರಣೆಗಳ ಹೊಸ ರೂಪಕ್ಕೆ ಪ್ರತ್ಯೇಕ 20 ಡಾಲರ್ ಪಾಸು ಇತ್ತು. ಒಮ್ಮೆ ಕೊಂಡದ್ದಕ್ಕೇ ಮತ್ತೆ ದುಡ್ಡು ಕೊಡಿ ಎಂದಾಗ ಗದ್ದಲವಾಯಿತು. ಕಂಪನಿ ಹಿಂದೆ ಸರಿದು, ಕಥೆಯ ಹಳೆಯ ವಿಸ್ತರಣೆಗಳೆಲ್ಲ ಒಂದೇ ಬೆಲೆಯೊಳಗೆ ಬರುತ್ತವೆ ಎಂದು ಮಾತು ಕೊಟ್ಟಿತು. ಮುಂದಿನ ಜಗಳಗಳೆಲ್ಲ ಹುಟ್ಟುವುದು ಈ ಮಾತಿನಿಂದಲೇ.

ಸೆಪ್ಟೆಂಬರ್ 30ಕ್ಕೆ ಹಳೆಯ ಅಧಿಕೃತ ಸರ್ವರ್‌ಗಳು ನಿಂತವು. ಅಕ್ಟೋಬರ್ 25ಕ್ಕೆ ‘ಅಸೆಂಡೆಡ್’ 45 ಡಾಲರ್‌ಗೆ, ಮತ್ತೆ ಅರ್ಲಿ ಆಕ್ಸೆಸ್ ಎಂಬ ಹಣೆಪಟ್ಟಿಯಲ್ಲೇ ಬಂತು. ಒಳಗಿದ್ದದ್ದು ‘ದಿ ಐಲ್ಯಾಂಡ್’ ಎಂಬ ಮ್ಯಾಪ್ ಒಂದೇ. ಉಳಿದವು ಕಂತಿನಲ್ಲಿ: ‘ಸ್ಕಾರ್ಚ್ಡ್ ಅರ್ತ್’ 2024ರ ಏಪ್ರಿಲ್‌ನಲ್ಲಿ, ‘ಅಬೆರೇಷನ್’ ಸೆಪ್ಟೆಂಬರ್‌ನಲ್ಲಿ, ‘ಎಕ್ಸ್‌ಟಿಂಕ್ಷನ್’ ಡಿಸೆಂಬರ್‌ನಲ್ಲಿ. ಮೊದಲು ಹೇಳಿದ ತಿಂಗಳುಗಳು ಮುಂದೆ ಮುಂದೆ ಹೋದವು. ‘ಆರ್ಕ್ 2’ ಅಂತೂ 2024 ಮುಗಿದರೂ ಬರಲಿಲ್ಲ.

ಯಂತ್ರದ ಖರ್ಚು ಇನ್ನೊಂದು ಕಡೆ. ಹೊಸ ಆಟಕ್ಕೆ ಕನಿಷ್ಠವೇ 16 ಜಿಬಿ ರ್ಯಾಮ್ ಮತ್ತು ಜಿಟಿಎಕ್ಸ್ 1080 ಮಟ್ಟದ ಗ್ರಾಫಿಕ್ಸ್ ಕಾರ್ಡ್, ಸರಾಗವಾಗಿ ಓಡಲು 32 ಜಿಬಿ ಮತ್ತು ಆರ್‌ಟಿಎಕ್ಸ್ 3080. ಬೆಳಕು ಲೆಕ್ಕ ಹಾಕುವ ಲ್ಯೂಮೆನ್, ಕಲ್ಲು ಮರಗಳ ಸೂಕ್ಷ್ಮ ಆಕಾರ ತುಂಬುವ ನ್ಯಾನೈಟ್, ಎರಡೂ ಕಾರ್ಡನ್ನು ಹಿಂಡುತ್ತವೆ. ಹಾರ್ಡ್ ಡಿಸ್ಕ್‌ನಲ್ಲಿ ಹಾಕಿದರೆ ಮ್ಯಾಪ್ ತೆರೆಯುವುದರೊಳಗೆ ಚಹಾ ಕುಡಿದು ಬರಬಹುದು, ಎಸ್‌ಎಸ್‌ಡಿ ಇಲ್ಲದೆ ಈ ಆಟದ ಸುದ್ದಿಗೆ ಹೋಗಬೇಡಿ. ಡೌನ್‌ಲೋಡ್ ಲೆಕ್ಕ ಹೀಗೆ: 100 ಜಿಬಿ ಇಳಿಸಲು 40 ಎಂಬಿಪಿಎಸ್ ಲೈನಿನಲ್ಲಿ ಸುಮಾರು ಐದೂವರೆ ಗಂಟೆ, 100 ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ, ಅದೂ ವೇಗ ಒಂದೇ ಸಮ ಇದ್ದರೆ.

ಈ ಸ್ಥಿತಿಯಲ್ಲಿ, ಮಾತು ಕೊಟ್ಟ ಮ್ಯಾಪ್‌ಗಳು ಬಾಕಿ ಇರುವಾಗಲೇ, ‘ಬಾಬ್ಸ್ ಟಾಲ್ ಟೇಲ್ಸ್’ ಎಂಬ 30 ಡಾಲರ್‌ನ ಆಡ್-ಆನ್, ಅಂದರೆ ಆಟದ ಮೇಲೆ ಬೇರೆಯಾಗಿ ಕೊಳ್ಳುವ ಭಾಗ, ಬಂತು. ಅದೂ ಕಂತಿನದ್ದೇ, ಕಥೆಯ ಉಚಿತ ಮ್ಯಾಪ್‌ಗಳ ಬೆನ್ನಿಗೆ ಒಂದೊಂದು ತುಂಡು. ರೈಲು, ವೇಷಭೂಷಣ, ಕಟ್ಟಡದ ಸಾಮಾನು ಇಷ್ಟೇ ಇದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದರೊಳಗೆ ‘ಒಯಾಸಿಸಾರ್’ ಎಂಬ ಪ್ರಾಣಿ ಇತ್ತು, ಸತ್ತ ಸಾಕುಪ್ರಾಣಿಯನ್ನು ಮತ್ತೆ ಬದುಕಿಸುವ ಶಕ್ತಿಯದು. ಹತ್ತು ದಿನ ಸಾಕಿದ ಗಿಗನೋಟೊಸಾರಸ್ ಒಂದು ದಾಳಿಯಲ್ಲಿ ಸಾಯುವುದು ‘ಆರ್ಕ್’ನ ಅತಿ ದೊಡ್ಡ ನಷ್ಟ. ಆ ನಷ್ಟವನ್ನೇ ತುಂಬಿಕೊಡುವ ಪ್ರಾಣಿ ದುಡ್ಡಿನ ಬಾಗಿಲ ಹಿಂದಿದ್ದರೆ, ಬುಡಕಟ್ಟುಗಳು, ಅಂದರೆ ಆಡುವವರ ಗುಂಪುಗಳು, ಒಬ್ಬರ ಮೇಲೊಬ್ಬರು ಬೀಳುವ ಸರ್ವರ್‌ನಲ್ಲಿ ತಕ್ಕಡಿ ವಾಲುತ್ತದೆ. 2024ರ ಜೂನ್‌ನಲ್ಲಿ ‘ದಿ ಸೆಂಟರ್’ ಜೊತೆ ಬಂದ ‘ಪೈರೋಮೇನ್’ ಎಂಬ ಬೆಂಕಿ ಸಿಂಹವನ್ನು ಬಿಡಿಯಾಗಿಯೇ ಮಾರಿದರು. ಒಂದು ಪ್ರಾಣಿಗೆ ಒಂದು ಬಿಲ್ಲು. ಆ ಸಾಲಿನಲ್ಲಿ ‘ಡ್ರೆಡ್‌ಮೇರ್’ ಎಂಬ ಕುದುರೆಯೂ ಬಂತು.

ಮಾಡ್‌ಗಳೂ ಹಾಗೇ ಆದವು. ಕರ್ಸ್‌ಫೋರ್ಜ್ ಎಂಬ ಮಾಡ್ ಅಂಗಡಿಯ ಮೂಲಕ ಕಂಪ್ಯೂಟರ್, ಕನ್ಸೋಲ್ ಎರಡರಲ್ಲೂ ಮಾಡ್ ಓಡುವಂತೆ ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಜೊತೆಯಲ್ಲೇ ಹಣದ ಪ್ರೀಮಿಯಂ ಮಾಡ್‌ಗಳು ಬಂದವು. ಮಾಡ್ ಮಾಡುವವರಿಗೆ ಅದರಲ್ಲಿ ಪಾಲಿದೆ, ವರ್ಷಗಟ್ಟಲೆ ಪುಕ್ಕಟೆ ದುಡಿದವರಿಗೆ ಅದು ಸಲ್ಲಬೇಕಾದ್ದೇ. ತೊಂದರೆ ಬರುವುದು ಬೇರೆ ಕಡೆ. ಆಟದ ಅಪ್‌ಡೇಟ್ ಬಂದಾಗ ಎಷ್ಟೋ ಮಾಡ್‌ಗಳನ್ನು ಅವುಗಳ ಒಡೆಯರು ಮತ್ತೆ ಕಟ್ಟಿ ಬಿಡುಗಡೆ ಮಾಡಬೇಕಾಗುತ್ತದೆ. ಅವರು ಪರೀಕ್ಷೆಯಲ್ಲೋ ಕೆಲಸದಲ್ಲೋ ಇದ್ದರೆ ನಿಮ್ಮ ಸರ್ವರ್ ಅಲ್ಲಿಯವರೆಗೆ ಬಿದ್ದಿರುತ್ತದೆ. ಹಣ ಕೊಟ್ಟ ಮಾಡ್ ಬಿದ್ದಾಗ ದೂರು ಹೇಳಬೇಕಾದ್ದು ಆಟದ ಕಂಪನಿಗೋ, ಮಾಡ್ ಮಾಡಿದವರಿಗೋ, ಅಂಗಡಿಗೋ ಎಂಬುದೇ ಕೊಂಡವರಿಗೆ ತಿಳಿಯುವುದಿಲ್ಲ.

ಸ್ವಂತ ಸರ್ವರ್ ಇಟ್ಟುಕೊಂಡರಾಯಿತಲ್ಲ ಎನ್ನುವವರಿಗೆ ಒಂದು ಮಾತು. ಒಂದು ಮ್ಯಾಪ್‌ಗೇ 10 ಜಿಬಿ ಆಸುಪಾಸು ರ್ಯಾಮ್ ಬೇಕು, ರೂಟರ್‌ನಲ್ಲಿ ಹೊರಗಿನವರು ಒಳಬರುವ ದಾರಿಯಾದ ಯುಡಿಪಿ 7777 ಪೋರ್ಟ್ ತೆರೆಯಬೇಕು. ನಮ್ಮ ಊರುಗಳ ಬಹಳಷ್ಟು ಬ್ರಾಡ್‌ಬ್ಯಾಂಡ್ ಲೈನುಗಳಲ್ಲಿ ನೂರಾರು ಮನೆಗೆ ಒಂದೇ ಸಾರ್ವಜನಿಕ ಐಪಿ (ಇಂಟರ್ನೆಟ್ ವಿಳಾಸ) ಹಂಚಿರುತ್ತಾರೆ. ಪೋರ್ಟ್ ತೆರೆದರೂ ಹೊರಗಿನ ಗೆಳೆಯರಿಗೆ ಸರ್ವರ್ ಕಾಣುವುದಿಲ್ಲ. ಪರೀಕ್ಷಿಸುವುದು ಸುಲಭ: ರೂಟರ್ ಪುಟದ ವ್ಯಾನ್ (WAN) ಐಪಿ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮದು ಹಂಚಿದ ಲೈನು. ನಿಮ್ಮ ಮನೆಗೇ ಮೀಸಲಾದ ಸ್ಟ್ಯಾಟಿಕ್ ಐಪಿಗೆ ಬೇರೆ ಹಣ ಕೊಡಬೇಕು. ಒಂದೇ ರೂಮಿನಲ್ಲಿ, ಒಂದೇ ರೂಟರ್‌ನಲ್ಲಿ ಆಡುವವರಿಗೆ ಈ ತಾಪತ್ರಯ ಇಲ್ಲ.

ಹಾಗಾದರೆ ಕೊಂಡ ಮೇಲೆ ಹಿಡಿಸದಿದ್ದರೆ? ಸ್ಟೀಮ್‌ನ ನಿಯಮದಂತೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು. ಆಡ್-ಆನ್‌ಗೆ ಈ 2 ಗಂಟೆಯನ್ನು ಎಣಿಸುವುದು ಆಡ್-ಆನ್ ಕೊಂಡ ಹೊತ್ತಿನಿಂದ, ಮೂಲ ಆಟ ಓಡಿದ ಸಮಯದ ಮೇಲೆ. ಹೊಸ ಪ್ರಾಣಿ ಬಳಸದೆ ಹಳೆಯ ಗುಡಿಸಲಲ್ಲಿ ಕೂತಿದ್ದರೂ ಗಡಿಯಾರ ಓಡುತ್ತದೆ. ನಾಲ್ಕು ದಿನದಲ್ಲಿ ಮರಿ ಬೆಳೆಯುವ ಆಟಕ್ಕೆ ಎರಡು ಗಂಟೆಯ ಪರೀಕ್ಷೆ ಸಾಲದು. ಕರ್ಸ್‌ಫೋರ್ಜ್‌ನ ಪ್ರೀಮಿಯಂ ಮಾಡ್‌ಗಳು ಸ್ಟೀಮ್ ಅಂಗಡಿಯ ಸರಕಲ್ಲ, ಅವನ್ನು ಈ ನಿಯಮದ ಲೆಕ್ಕಕ್ಕೆ ಹಿಡಿಯಬೇಡಿ. ಮುಂದೆ ಬರುವ ಭಾಗಗಳಿಗೆ ಮೊದಲೇ ಹಣ ಪಡೆಯುವ ಕಂತಿನ ಪಾಸುಗಳ ಬಗ್ಗೆ ಸ್ಟೀಮ್ 2024ರ ನವೆಂಬರ್‌ನಲ್ಲಿ ನಿಯಮ ಬಿಗಿ ಮಾಡಿತು: ಪಾಸಿನೊಳಗೆ ಏನೇನಿದೆ, ಯಾವ ತ್ರೈಮಾಸಿಕದಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಬರೆಯಬೇಕು, ಒಂದೇ ಒಂದು ಸಲ, ಅದೂ ಗರಿಷ್ಠ 3 ತಿಂಗಳು ಮುಂದೂಡಬಹುದು. ಇದು ಎರಡು ವರ್ಷ ಮೊದಲೇ ಬರಬೇಕಿತ್ತು.

ಆದ್ದರಿಂದ ಕೊಳ್ಳುವ ದಿನ ಕ್ರಮ ತಪ್ಪಿಸಬೇಡಿ. ಮೊದಲು ಮೂಲ ಆಟದ ಅಪ್‌ಡೇಟ್ ಪೂರ್ತಿ ಇಳಿಯಲಿ. ಡೌನ್‌ಲೋಡ್ ಸಮಯ ಎಣಿಕೆಗೆ ಬರುವುದಿಲ್ಲ, ಆದರೆ ಆಟ ತೆರೆದಾಗ ನಡೆಯುವ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧತೆಯ ನಿಮಿಷಗಳು ಬರುತ್ತವೆ. ಅದಕ್ಕೆ ಒಮ್ಮೆ ಆಟ ತೆರೆದು, ಅದು ಮುಗಿಯುವವರೆಗೆ ಬಿಟ್ಟು, ಮುಚ್ಚಿ. ಅಧಿಕೃತ ಸರ್ವರ್ ಬಿಟ್ಟು ಒಬ್ಬರೇ ಆಡುವ ಒಂದು ಲೋಕ ಮಾಡಿ, ಅದರಲ್ಲಿ ಪಳಗಿಸುವ ಮತ್ತು ಮರಿ ಬೆಳೆಯುವ ವೇಗವನ್ನು ಹತ್ತು ಪಟ್ಟು ಏರಿಸಿ ಉಳಿಸಿಕೊಳ್ಳಿ, ಮತ್ತೆ ಮುಚ್ಚಿ. ಆಮೇಲೆ ಆಡ್-ಆನ್ ಕೊಂಡು, ಅದು ಇಳಿದ ಮೇಲೆ ನೇರ ಆ ಲೋಕಕ್ಕೆ ಹೋಗಿ ಪ್ರಾಣಿ ಹುಡುಕಿ. ಒಂದೂವರೆ ಗಂಟೆಗೆ ಅಲಾರಂ ಇಡಿ. ಅಷ್ಟರೊಳಗೆ ಮನಸ್ಸಿಗೆ ಬರದಿದ್ದರೆ ಆಟದ ಕಿಟಕಿಯನ್ನು ಹಿನ್ನೆಲೆಯಲ್ಲಿ ಓಡಲು ಬಿಡದೆ ಪೂರ್ತಿ ಮುಚ್ಚಿ, ಸ್ಟೀಮ್ ಸಹಾಯ ಪುಟದ ಖರೀದಿ ಪಟ್ಟಿಯಲ್ಲಿ ಆಡ್-ಆನ್ ಹೆಸರನ್ನೇ ಆರಿಸಿ ರೀಫಂಡ್ ಕೇಳಿ. ಮೂಲ ಆಟದ ಹೆಸರು ಒತ್ತಿ ಕೇಳಿದರೆ ಅದರ ಹಳೆಯ ನೂರಾರು ಗಂಟೆಗಳನ್ನು ತೋರಿಸಿ ಅರ್ಜಿ ತಿರಸ್ಕರಿಸುತ್ತಾರೆ.