ಡೆನ್ಮಾರ್ಕ್ ಹುಡುಗೀರು ಇಷ್ಟು ಬೇಗ ಊರು ಬಿಡೋದ್ಯಾಕೆ? ಕ್ಯಾಥ್ರಿನ್ ಕ್ಯೂಲ್ ಕರಿಯರ್ ಹಿಂದಿನ ಕಥೆ

2023ರ ಜನವರಿ ಟ್ರಾನ್ಸ್‌ಫರ್ ವಿಂಡೋದಲ್ಲಿ, ಅಂದ್ರೆ ಕ್ಲಬ್‌ಗಳು ಆಟಗಾರರನ್ನ ಕೊಂಡು ಮಾರೋ ಅವಧೀಲಿ, ಲಂಡನ್‌ನ ಆರ್ಸೆನಲ್ ಕ್ಲಬ್ಬಿನ ಮಹಿಳಾ ಟೀಮ್ ಡೆನ್ಮಾರ್ಕ್‌ನಿಂದ 19 ವರ್ಷದ ಒಬ್ಬ ಮಿಡ್‌ಫೀಲ್ಡರ್‌ನ ಕರ್ಕೊಂಡು ಬಂತು, ಹೆಸರು ಕ್ಯಾಥ್ರಿನ್ ಮೊಲ್ಲರ್ ಕ್ಯೂಲ್. ಆಗ ಆರ್ಸೆನಲ್ ಪರಿಸ್ಥಿತಿ ಚೆನ್ನಾಗಿರಲಿಲ್ಲ, ಮುಖ್ಯ ಫಾರ್ವರ್ಡ್ ಬೆತ್ ಮೀಡ್ ಮೊಣಕಾಲಿನ ಎಸಿಎಲ್ ಅನ್ನೋ ಲಿಗಮೆಂಟ್ ಹರ್ಕೊಂಡು ಕೂತಿದ್ಲು, ಒಂದು ತಿಂಗಳು ಕಳೆಯೋದ್ರೊಳಗೆ ಇನ್ನೊಬ್ಬ ಫಾರ್ವರ್ಡ್ ವಿವಿಯಾನ್ ಮೀಡೆಮಾಗೂ ಅದೇ ಗತಿ, ಸೀಸನ್ ಅರ್ಧಕ್ಕೆ ಬಂದಿದೆ, ಚಾಂಪಿಯನ್ಸ್ ಲೀಗ್ ಬೇರೆ ಮುಂದಿದೆ. ಹಾಗಾಗಿ ಆ ವಿಂಡೋದಲ್ಲಿ ಕೋಚ್ ಯೋನಸ್ ಐಡೆವಾಲ್ ಡಚ್ ಆಟಗಾರ್ತಿ ವಿಕ್ಟೋರಿಯಾ ಪೆಲೋವಾನ ತಗೊಂಡ್ರು, ಕ್ಯೂಲ್‌ನ ತಗೊಂಡ್ರು. ಡೆನ್ಮಾರ್ಕ್‌ನಲ್ಲಿ ಚಳಿಗಾಲ ಅಂದ್ರೆ ಲೀಗ್‌ಗೆ ತಿಂಗಳುಗಟ್ಟಲೆ ರಜೆ, ಹೋಗೋಳಿಗೆ ಅದೇ ಸರಿಯಾದ ಟೈಮ್.

ಆದ್ರೆ ಇದನ್ನ ಬರೀ 'ಟ್ಯಾಲೆಂಟ್ ಇತ್ತು, ದೊಡ್ಡ ಕ್ಲಬ್ ಕರೀತು, ಹೋದ್ಲು' ಅಂತ ಓದಿದ್ರೆ ಅರ್ಧ ಕಥೆ ಬಿಟ್ಟುಹೋಗುತ್ತೆ. ಡೆನ್ಮಾರ್ಕ್‌ನಲ್ಲಿ ಚೆನ್ನಾಗಿ ಆಡೋ ಹುಡುಗಿ ಊರು ಬಿಡೋದು ಐವತ್ತು ವರ್ಷದಿಂದ ನಡ್ಕೊಂಡು ಬಂದಿರೋ ವಿಷಯ.

1971ಕ್ಕೆ ಹೋಗೋಣ. ಮೆಕ್ಸಿಕೋ ಸಿಟಿಯ ಅಜ್ಟೆಕಾ ಸ್ಟೇಡಿಯಂ, ಲಕ್ಷಕ್ಕೂ ಹೆಚ್ಚು ಜನ, ಮಹಿಳಾ ವರ್ಲ್ಡ್ ಕಪ್ ಫೈನಲ್, ಫಿಫಾ ಮಾತ್ರ ಇದನ್ನ ವರ್ಲ್ಡ್ ಕಪ್ ಅಂತ ಲೆಕ್ಕಕ್ಕೇ ತಗೊಳಲ್ಲ. ಎದುರಿಗೆ ಆತಿಥೇಯ ಮೆಕ್ಸಿಕೋ. ಡೆನ್ಮಾರ್ಕ್ 3-0 ಗೆದ್ದಿತು, ಮೂರೂ ಗೋಲ್ ಹೊಡೆದಿದ್ದು ಸುಸಾನ್ ಆಗುಸ್ಟೆಸನ್, ವಯಸ್ಸು 15. ಹೌದು, ಹದಿನೈದು! ಅದಕ್ಕೆ ಹಿಂದಿನ ವರ್ಷ ಇಟಲಿಯಲ್ಲಿ ನಡೆದ ಇದೇ ಥರದ ಟೂರ್ನಿಯನ್ನೂ ಡೆನ್ಮಾರ್ಕ್‌ನವರೇ ಗೆದ್ದಿದ್ರು, ದೇಶದ ಹೆಸರಲ್ಲಿ ಆಡಿದ್ದು ಬೋಲ್ಡ್‌ಕ್ಲುಬೆನ್ ಫೆಮಿನಾ ಅನ್ನೋ ಒಂದು ಕ್ಲಬ್ ಟೀಮು, ಯಾಕಂದ್ರೆ ಆಗ ಡೆನ್ಮಾರ್ಕ್ ಫುಟ್‌ಬಾಲ್ ಫೆಡರೇಷನ್ ಡಿಬಿಯು ಹೆಂಗಸರ ಆಟವನ್ನ ತನ್ನ ಒಳಗೇ ಸೇರಿಸ್ಕೊಂಡಿರಲಿಲ್ಲ. ಸೇರಿಸ್ಕೊಂಡಿದ್ದು 1972ರಲ್ಲಿ, ಅಂದ್ರೆ ಎರಡು ಸಲ ಜಗತ್ತನ್ನ ಗೆದ್ದು ಬಂದ ಮೇಲೆ.

ಆ ಹದಿನೈದರ ಹುಡುಗಿ ಮುಂದೇನಾದ್ಲು ಅಂದ್ರೆ ಇಟಲಿಗೆ ಹೋದ್ಲು, ಅಲ್ಲೇ ವರ್ಷಾನುಗಟ್ಟಲೆ ಆಡಿ ರಾಶಿ ರಾಶಿ ಗೋಲ್ ಹೊಡೆದ್ಲು. ಡೆನ್ಮಾರ್ಕ್‌ನಲ್ಲಿ ಇದ್ದಿದ್ರೆ ಆಟಕ್ಕೆ ದುಡ್ಡು ಕೊಡೋರು ಯಾರೂ ಇರಲಿಲ್ಲ. ಮಾದರಿ ಅಲ್ಲಿಗೆ ಸೆಟ್ ಆಯ್ತು ಅಂತ ನನಗನ್ಸುತ್ತೆ, ತಯಾರಾಗೋದು ಇಲ್ಲಿ, ಹೊಟ್ಟೆಪಾಡು ಹೊರಗೆ.

ಆಮೇಲಿನ ವರ್ಷಗಳಲ್ಲಿ ಲೀಗ್ ಬಂತು, ಬ್ರೋಂಡ್‌ಬಿ, ಫಾರ್ಚುನಾ ಯೋರಿಂಗ್ ಥರದ ಗಟ್ಟಿ ಕ್ಲಬ್‌ಗಳು ಬಂದ್ವು, ಫಾರ್ಚುನಾ ಅಂತೂ 2003ರಲ್ಲಿ ಯುರೋಪಿಯನ್ ಕಪ್ ಫೈನಲ್ ತನಕ ಹೋಗಿ ಸ್ವೀಡನ್‌ನ ಉಮಿಯೋ ಕೈಲಿ ಸೋತಿತ್ತು. ಆದ್ರೂ ಲೀಗ್‌ನಲ್ಲಿ ಬಹಳ ಜನ ಓದ್ಕೊಂಡು, ಕೆಲಸ ಮಾಡ್ಕೊಂಡು ಸಂಜೆ ಪ್ರಾಕ್ಟೀಸ್‌ಗೆ ಬರೋರೇ.

ಈ ದುಡ್ಡಿನ ಅಸಮಾಧಾನ ಸ್ಫೋಟ ಆಗಿದ್ದು 2017ರಲ್ಲಿ. ಆ ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಯೂರೋ, ಅಂದ್ರೆ ಯುರೋಪ್ ದೇಶಗಳ ಕಪ್, ನಡೀತು, ಸತತ ಆರು ಸಲ ಕಪ್ ಗೆದ್ದಿದ್ದ ಜರ್ಮನಿನ ಡೆನ್ಮಾರ್ಕ್ ಕ್ವಾರ್ಟರ್ ಫೈನಲ್‌ನಲ್ಲಿ 2-1ರಲ್ಲಿ ಮನೆಗೆ ಕಳಿಸ್ತು, ಅದೂ ಮಳೆಯಿಂದ ಮರುದಿನಕ್ಕೆ ಹೋದ ಮ್ಯಾಚಲ್ಲಿ. ಫೈನಲ್‌ನಲ್ಲಿ ಆತಿಥೇಯರ ಎದುರು 4-2ರಲ್ಲಿ ಸೋತ್ರು, ನಾದಿಯಾ ನಾದಿಮ್ ಪೆನಾಲ್ಟಿ ಹೊಡೆದ್ಲು, ಪೆರ್ನಿಲ್ ಹಾರ್ಡರ್ ಹಾಫ್ ಲೈನಿಂದ ಒಬ್ಬಳೇ ಬಾಲ್ ಓಡಿಸ್ಕೊಂಡು ಬಂದು ಗೋಲ್ ಮಾಡಿದ್ಲು, ಇಡೀ ದೇಶ ಟಿವಿ ಮುಂದೆ. ಇಷ್ಟಾಗಿ ಎರಡು ತಿಂಗಳಲ್ಲಿ ಅದೇ ಟೀಮ್ ಆಡೋದನ್ನೇ ನಿಲ್ಲಿಸ್ತು. ಕಾರಣ ಕಾಂಟ್ರ್ಯಾಕ್ಟು, ದೇಶಕ್ಕೆ ಆಡುವಾಗ ನಮ್ಮನ್ನ ಡಿಬಿಯು ನೌಕರರು ಅಂತ ಒಪ್ಪಿಕೊಳ್ಳಿ, ಷರತ್ತು ಸರಿ ಮಾಡಿ ಅಂತ ಆಟಗಾರ್ತಿಯರು ಕೂತ್ರು. ಸೆಪ್ಟೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ಜೊತೆಗಿನ ಫ್ರೆಂಡ್ಲಿ ಕ್ಯಾನ್ಸಲ್, ಫೈನಲ್ ಆಡಿದ ಅದೇ ಎರಡು ಟೀಮು. ಅಕ್ಟೋಬರ್‌ನಲ್ಲಿ ಸ್ವೀಡನ್ ಎದುರಿನ ವರ್ಲ್ಡ್ ಕಪ್ ಕ್ವಾಲಿಫೈಯರ್ ಕೂಡ ಕ್ಯಾನ್ಸಲ್, ಯುರೋಪ್ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಆ ಮ್ಯಾಚನ್ನ 3-0 ಅಂತ ಸ್ವೀಡನ್‌ಗೆ ಬರ್ಕೊಟ್ಟಿತು. ನವೆಂಬರ್‌ನಲ್ಲಿ ಒಪ್ಪಂದ ಆಯ್ತು, ಆದ್ರೆ ಕಳ್ಕೊಂಡ ಪಾಯಿಂಟ್ ವಾಪಸ್ ಬರಲಿಲ್ಲ, ಗ್ರೂಪಲ್ಲಿ ಸ್ವೀಡನ್ ಹಿಂದೆ ನಿಂತು ಪ್ಲೇ-ಆಫ್‌ಗೆ ಹೋಗಿ ಮತ್ತೆ ನೆದರ್‌ಲ್ಯಾಂಡ್ಸ್ ಕೈಲೇ ಸೋತು 2019ರ ವರ್ಲ್ಡ್ ಕಪ್ಪೇ ಹೋಯ್ತು. ಆಟಗಾರ್ತಿಯರು ಮಾಡಿದ್ದು ಸರಿಯೇ ಅಂತ ನನ್ನ ಅಭಿಪ್ರಾಯ, ಬೆಲೆ ಮಾತ್ರ ಜಾಸ್ತಿ ಬಿತ್ತು.

ಆ ವರ್ಷ ಕ್ಯೂಲ್‌ಗೆ 14.

ಅವಳು ಬೆಳೆದ ಕ್ಲಬ್ ಎಫ್‌ಸಿ ನಾರ್ಡ್‌ಶೆಲ್ಯಾಂಡ್, ಕೋಪನ್‌ಹೇಗನ್‌ಗೆ ಹತ್ತಿರದ ಫಾರುಮ್ ಊರಿಂದು. ಇದರ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಟಾಮ್ ವೆರ್ನನ್ ಅನ್ನೋರು 1999ರಲ್ಲಿ ಘಾನಾದಲ್ಲಿ ಶುರು ಮಾಡಿದ ರೈಟ್ ಟು ಡ್ರೀಮ್ ಅಕಾಡೆಮಿ ಈ ಕ್ಲಬ್‌ನ ಕೊಂಡ್ಕೊಂಡಿತ್ತು, ಆಮೇಲೆ ಇದರ ಲೆಕ್ಕಾಚಾರವೇ ಬೇರೆ ಆಯ್ತು, ಸಣ್ಣ ವಯಸ್ಸಿನವರನ್ನ ತಂದು ಬೆಳೆಸು, ಹದಿನೇಳು ಹದಿನೆಂಟಕ್ಕೇ ಸೀನಿಯರ್ ಟೀಮಲ್ಲಿ ಇಳಿಸು, ಚೆನ್ನಾಗಿ ಆಡಿದ್ರೆ ದೊಡ್ಡ ಕ್ಲಬ್‌ಗೆ ಮಾರು. ಪ್ರೀಮಿಯರ್ ಲೀಗ್ ನೋಡೋರಿಗೆ ಗೊತ್ತಿರೋ ಮೊಹಮ್ಮದ್ ಕುದುಸ್, ಮಿಕೆಲ್ ಡಾಮ್ಸ್‌ಗಾರ್ಡ್ ಇಬ್ರೂ ಇಲ್ಲಿಂದ ಹೊರಬಿದ್ದವರೇ. ಹುಡುಗೀರ ವಿಭಾಗದಲ್ಲೂ ಅದೇ ತತ್ವ. ಹಾಗಾಗಿ ಕ್ಯೂಲ್‌ಗೆ ಬೇರೆ ಕಡೆ ಸಿಗದಷ್ಟು ಮ್ಯಾಚ್‌ಗಳು ಟೀನೇಜಲ್ಲೇ ಸಿಕ್ಕಿದ್ವು, 2022ರ ಯೂರೋ ಸ್ಕ್ವಾಡ್‌ಗೂ ಸೇರಿದ್ಲು, ಅಲ್ಲಿ ಡೆನ್ಮಾರ್ಕ್ ಜರ್ಮನಿ ಕೈಲಿ 4-0 ಪೆಟ್ಟು ತಿಂದು ಗ್ರೂಪಲ್ಲೇ ಹೊರಬಿತ್ತು.

ಅವಳ ಆಟ ಹೇಗೆ ಅಂದ್ರೆ ಹೈಲೈಟ್ಸ್ ವೀಡಿಯೋದಲ್ಲಿ ಸಿಗೋ ಥರದ್ದಲ್ಲ. ಸೆಂಟ್ರಲ್ ಮಿಡ್‌ಫೀಲ್ಡ್, ಡಿಫೆಂಡರ್ ಕಾಲಿಂದ ಬಾಲ್ ಬರೋಕೆ ಮುಂಚೆ ಕತ್ತು ತಿರುಗಿಸಿ ಹಿಂದೆ ಯಾರಿದಾರೆ ಅಂತ ಒಂದ್ಸಲ ನೋಡ್ಕೋಬೇಕು, ಬಾಲ್ ಬಂದ ಮೇಲೆ ಮತ್ತೆ ನೋಡೋಕೆ ಟೈಮಿರಲ್ಲ, ಜಾಗ ಇದ್ರೆ ಅರ್ಧ ತಿರುಗಿ ಮುಂದಕ್ಕೆ ಪಾಸ್, ಮೈಮೇಲೆ ಯಾರಾದ್ರೂ ಬಂದಿದ್ರೆ ಒಂದೇ ಟಚ್ಚಲ್ಲಿ ವಾಪಸ್ ಕೊಟ್ಟು ಜಾಗ ಬದಲಾಯಿಸ್ಬೇಕು. ಈ ಅಂದಾಜು ಪ್ರಾಕ್ಟೀಸಲ್ಲಿ ಪೂರ್ತಿ ಬರಲ್ಲ, ಮ್ಯಾಚಲ್ಲಿ ಬಾಲ್ ಕಳ್ಕೊಂಡು ಗೋಲ್ ತಿಂದು ಕಲಿಯೋದು. ಸ್ಟ್ರೈಕರ್ ಆದ್ರೆ ಕೊನೇ ಹದಿನೈದು ನಿಮಿಷಕ್ಕೆ ಇಳಿದು ಗೋಲ್ ಹೊಡೆದು ಹೆಸರು ಮಾಡ್ಬಹುದು, ಮಿಡ್‌ಫೀಲ್ಡರ್‌ಗೆ ಹದಿನೈದು ನಿಮಿಷದಲ್ಲಿ ಆಟದ ಲಯವೇ ಹಿಡಿತಕ್ಕೆ ಸಿಗಲ್ಲ.

ಹಾರ್ಡರ್ ಹೋದ ದಾರಿ ನೋಡಿ, ಡೆನ್ಮಾರ್ಕ್‌ನ ವಿಬೋರ್ಗ್, ಸ್ಕೋವ್‌ಬಾಕೆನ್, ಅಲ್ಲಿಂದ ಸ್ವೀಡನ್‌ನ ಲಿಂಶೋಪಿಂಗ್, ನಾಲ್ಕೈದು ವರ್ಷ ಅಲ್ಲೇ ದಿನಾ ಆಡಿ 2017ರಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್, 2020ರಲ್ಲಿ ಚೆಲ್ಸಿ, ಅದೂ ಆಗಿನ ಮಹಿಳಾ ಫುಟ್‌ಬಾಲ್‌ನ ದಾಖಲೆ ಮೊತ್ತಕ್ಕೆ. ಮೆಟ್ಟಿಲು ಮೆಟ್ಟಿಲಾಗಿ. ಕ್ಯೂಲ್ ಫಾರುಮಿಂದ ನೇರ ಉತ್ತರ ಲಂಡನ್. ಮಧ್ಯದ ಮೆಟ್ಟಿಲು ಮಾಯ ಆಗಿದ್ದಕ್ಕೆ ಕಾರಣ ಇಂಗ್ಲೆಂಡಿನ ದುಡ್ಡು, ಮೊದಲು ಸ್ವೀಡನ್ ಲೀಗ್‌ಗೆ ಹೋಗ್ತಿದ್ದವರನ್ನ ಈಗ ಇಂಗ್ಲೆಂಡಿನ ಕ್ಲಬ್‌ಗಳು ನೇರ ಎತ್ಕೋತಾವೆ. ಜೊತೆಗೆ ಬ್ರೆಕ್ಸಿಟ್ ಆದ ಮೇಲೆ 18 ತುಂಬದ ಹೊರದೇಶದವರನ್ನ ಇಂಗ್ಲಿಷ್ ಕ್ಲಬ್‌ಗಳು ತಗೊಳ್ಳೋ ಹಾಗಿಲ್ಲ, ತುಂಬಿದ ಮೇಲೂ ಪರ್ಮಿಟ್‌ಗೆ ಪಾಯಿಂಟ್ ಬೇಕು, ದೇಶದ ಟೀಮಿಗೆ ಆಡಿದ್ರೆ ಆ ಪಾಯಿಂಟ್ ಸುಲಭ. 19ಕ್ಕೇ ನ್ಯಾಷನಲ್ ಟೀಮಲ್ಲಿದ್ದ ಹುಡುಗಿ ಅವರ ಕಣ್ಣಿಗೆ ಬೀಳದೇ ಇರ್ತಾಳಾ.

ಆರ್ಸೆನಲ್‌ನಲ್ಲಿ ಅವಳ ಮುಂದೆ ಇದ್ದವರು ಕಿಮ್ ಲಿಟಲ್, ಲಿಯಾ ವಾಲ್ಟಿ, ಫ್ರಿಡಾ ಮಾನುಮ್. ಆ ಸಾಲಲ್ಲಿ ಜಾಗ ಹುಡ್ಕೋದು ಕಷ್ಟ. 2023ರ ವರ್ಲ್ಡ್ ಕಪ್‌ಗೆ ಹೋದ್ಲು, ಡೆನ್ಮಾರ್ಕ್‌ಗೆ 2007ರ ನಂತರ ಅದೇ ಮೊದಲ ವರ್ಲ್ಡ್ ಕಪ್, ಚೀನಾ ಮತ್ತು ಹೈಟಿನ ಸೋಲಿಸಿ ನಾಕೌಟ್ ಮುಟ್ಟಿ ಸಿಡ್ನಿಯಲ್ಲಿ 75,000ಕ್ಕೂ ಹೆಚ್ಚು ಜನರ ಮುಂದೆ ಆಸ್ಟ್ರೇಲಿಯಾ ಕೈಲಿ 2-0 ಸೋತ್ರು, ಮೊದಲ ಗೋಲ್ ಹೊಡೆದಿದ್ದು ಕೇಟ್ಲಿನ್ ಫೋರ್ಡ್, ಕ್ಲಬ್ಬಲ್ಲಿ ಕ್ಯೂಲ್ ಜೊತೆಗಾತಿ. ವಾಪಸ್ ಬಂದ ಮೇಲೆ ಆರ್ಸೆನಲ್ ಅದೇ ಆಸ್ಟ್ರೇಲಿಯಾ ಟೀಮಿನ ಕೈರಾ ಕೂನಿ-ಕ್ರಾಸ್ ಅನ್ನೋ ಇನ್ನೊಬ್ಬ ಮಿಡ್‌ಫೀಲ್ಡರ್‌ನ ತಂತು, ಕ್ಯೂಲ್‌ನ ಒಂದು ಸೀಸನ್‌ಗೆ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿಗೆ ಲೋನ್ ಮೇಲೆ, ಅಂದ್ರೆ ತಾತ್ಕಾಲಿಕವಾಗಿ, ಕಳಿಸ್ತು.

ಲೋನ್ ಅಂದ ತಕ್ಷಣ ಮುಖ ಸಿಂಡರಿಸೋ ಅಗತ್ಯ ಇಲ್ಲ, ಅವಳಿಗೆ ಅದೇ ಒಳ್ಳೇದಾಯ್ತು ಅಂತ ನನ್ನ ವಾದ. ಎವರ್ಟನ್ ಕೋಚ್ ಬ್ರಿಯಾನ್ ಸೋರೆನ್ಸನ್ ಡೆನ್ಮಾರ್ಕ್‌ನವ್ರು, ಅದೇ ಫಾರ್ಚುನಾ ಯೋರಿಂಗ್‌ನಿಂದ ಬಂದವ್ರು, ಟೀಮಲ್ಲಿ ಹೋಲ್ಮ್‌ಗಾರ್ಡ್ ಅವಳಿ ಸೋದರಿಯರು ಕಾರೆನ್ ಮತ್ತು ಸಾರಾ ಇದ್ರು, ನಿಕೋಲಿನ್ ಸೋರೆನ್ಸನ್ ಇದ್ಲು. ಲಿವರ್‌ಪೂಲಲ್ಲಿ ಒಂದು ಸಣ್ಣ ಡೆನ್ಮಾರ್ಕ್. ಆಮೇಲೆ ಲಂಡನ್‌ಗೆ ಬಂದ್ರೂ ಆರ್ಸೆನಲ್ ಮಿಡ್‌ಫೀಲ್ಡಲ್ಲಿ ಅವಳ ಸರದಿ ಬರಲಿಲ್ಲ, ಕೊನೆಗೆ ಇಟಲಿಯ ರೋಮಾ ಸೇರಿದ್ಲು. ಈ ನಡುವೆ ಅವಳು ಬಿಟ್ಟುಬಂದ ನಾರ್ಡ್‌ಶೆಲ್ಯಾಂಡ್ 2024ರಲ್ಲಿ ಮೊದಲ ಸಲ ಡೆನ್ಮಾರ್ಕ್ ಲೀಗ್ ಗೆದ್ದಿತು, ಇನ್ನೊಂದೂವರೆ ವರ್ಷ ಅಲ್ಲೇ ಇದ್ದಿದ್ರೆ ಚಾಂಪಿಯನ್ ಮೆಡಲ್ ಅವಳ ಕೊರಳಲ್ಲೂ ಇರ್ತಿತ್ತು, ಆದ್ರೆ ಆ ಲೀಗಲ್ಲಿ ಬಾಲ್ ಕಿತ್ಕೊಳ್ಳೋಕೆ ಎದುರಾಳಿಗಳು ಮೈಮೇಲೆ ಬೀಳೋ ಪ್ರೆಸ್ಸಿಂಗ್, ಅಲ್ಲಿ ವಾರವಾರ ಎದುರಿಸೋದಕ್ಕೂ ಇಂಗ್ಲೆಂಡಿನದಕ್ಕೂ ಅಜಗಜಾಂತರ ಅನ್ನೋದನ್ನೂ ಹೇಳ್ಬೇಕು.

2025ರ ಜುಲೈನಲ್ಲಿ ಸ್ವಿಟ್ಜರ್‌ಲ್ಯಾಂಡ್ ಯೂರೋ. ಸ್ವೀಡನ್ ಎದುರು 0-1, ಜರ್ಮನಿ ಎದುರು 1-2, ಪೋಲೆಂಡ್ ಎದುರು 2-3, ಡೆನ್ಮಾರ್ಕ್‌ಗೆ ಮೂರಕ್ಕೆ ಮೂರೂ ಸೋಲು, ಕೋಚ್ ಆಂಡ್ರೆ ಯೆಗ್ಲೆರ್ಟ್ಸ್ ಅಲ್ಲಿಂದ ಮ್ಯಾಂಚೆಸ್ಟರ್ ಸಿಟಿಗೆ ಹೋದ್ರು. ಸ್ವೀಡನ್ ಮ್ಯಾಚಿನ ಒಂದೇ ಗೋಲ್ ಹೊಡೆದಿದ್ದು ಅವರ ಮಿಡ್‌ಫೀಲ್ಡರ್ ಫಿಲಿಪಾ ಆಂಗೆಲ್ಡಾಲ್. ಡೆನ್ಮಾರ್ಕ್ ಕಡೆ ನೋಡಿದ್ರೆ ಹಾರ್ಡರ್ 1992ರಲ್ಲಿ ಹುಟ್ಟಿದವಳು, ಇವತ್ತಿಗೂ ಗೋಲ್ ಬೇಕು ಅಂದ್ರೆ ಎಲ್ಲರೂ ಅವಳ ಮುಖ ನೋಡ್ತಾರೆ, ಅವಳಿಗೆ ಬಾಲ್ ಮುಟ್ಟಿಸೋ ಕೆಲಸ ಯಾರದ್ದು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ಆ ಜಾಗಕ್ಕೆ ಕ್ಯೂಲ್ ಹೆಸರು ಹೇಳೋರಲ್ಲಿ ನಾನೂ ಒಬ್ಬ. ಅವಳಿಗೆ 22 ತುಂಬಿದ್ದು ಆ ಜುಲೈನಲ್ಲೇ, ಅಷ್ಟರಲ್ಲಾಗಲೇ ಮೂರು ದೇಶದಲ್ಲಿ ನಾಲ್ಕು ಕ್ಲಬ್ ಆಗಿತ್ತು.