ಸನ್ ಕೋರಲ್‌ಗೆ ಏನು ತಿನ್ನಿಸಬೇಕು, ಯಾವಾಗ, ಎಷ್ಟು?

ಓದುಗರ ಪ್ರಶ್ನೆ: ಮನೆಯ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಸನ್ ಕೋರಲ್ ಎಂಬ ಕಿತ್ತಳೆ ಬಣ್ಣದ ಹವಳ ತಂದು ಎರಡು ತಿಂಗಳಾಯಿತು. ಅಂಗಡಿಯಲ್ಲಿ ಹೂಗೊಂಚಲಿನ ಹಾಗೆ ಅರಳಿಕೊಂಡಿತ್ತು. ನಮ್ಮಲ್ಲಿ ಬಂದ ಮೇಲೆ ಮುಚ್ಚಿಕೊಂಡೇ ಇದೆ, ಈಗ ಅಲ್ಲಲ್ಲಿ ಬಿಳಿ ಕಲ್ಲು ಕಾಣತೊಡಗಿದೆ. ಒಳ್ಳೆಯ ಎಲ್‌ಇಡಿ ದೀಪ ಹಾಕಿದ್ದೇನೆ, ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆ. ಅಂಗಡಿಯವರು ಕೊಟ್ಟ ಫೈಟೋಪ್ಲಾಂಕ್ಟನ್ ಬಾಟಲಿಯಿಂದ ದಿನಾ ಹಾಕುತ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಹವಳ ಹಸಿದಿದೆ. ದೀಪದಿಂದ ಅದಕ್ಕೆ ಏನೂ ಸಿಗುತ್ತಿಲ್ಲ, ಬಾಟಲಿಯಿಂದಲೂ ಸಿಗುತ್ತಿಲ್ಲ. ಪುಣ್ಯಕ್ಕೆ ಈ ಹವಳ ಬೇಗ ಸಾಯುವ ಜಾತಿಯದಲ್ಲ. ಹವಳದ ಕಲ್ಲಿನ ಬಟ್ಟಲುಗಳೊಳಗೆ ಕಿತ್ತಳೆ ಬಣ್ಣದ ಮಾಂಸ ಉಳಿದಿದ್ದರೆ ಇವತ್ತು ಸಂಜೆಯಿಂದಲೇ ಶುರುಮಾಡಿ, ಉಳಿಸಿಕೊಳ್ಳಬಹುದು.

ರೀಫ್ ಟ್ಯಾಂಕುಗಳಲ್ಲಿ ನಾವು ಸಾಮಾನ್ಯವಾಗಿ ಇಡುವ ಅಕ್ರೊಪೋರಾ, ಮಾಂಟಿಪೋರಾ, ಯೂಫಿಲಿಯಾದಂಥ ಹವಳಗಳ ಮೈಯೊಳಗೆ ಜೂಜಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಇರುತ್ತದೆ. ಹಗಲಿಡೀ ಅದು ಬೆಳಕಿನಲ್ಲಿ ತಯಾರಿಸುವ ಸಕ್ಕರೆಯಿಂದಲೇ ಹವಳದ ಶಕ್ತಿಯ ಬಹುಪಾಲು ಬರುತ್ತದೆ. ಅದಕ್ಕೇ ನಮ್ಮ ಹವ್ಯಾಸದಲ್ಲಿ ಮಾತು ಶುರುವಾಗುವುದೇ ದೀಪದಿಂದ. ಸನ್ ಕೋರಲ್, ಅಂದರೆ ಟ್ಯೂಬಾಸ್ಟ್ರಿಯಾ, ಈ ಲೆಕ್ಕಕ್ಕೆ ಹೊರಗಿನದು. ಅದರ ಮೈಯಲ್ಲಿ ಪಾಚಿ ಇಲ್ಲ. ಸಮುದ್ರದಲ್ಲಿ ಅದು ಇರುವುದು ಗುಹೆಗಳ ಛಾವಣಿಯಲ್ಲಿ, ಚಾಚುಬಂಡೆಗಳ ಅಡಿಯಲ್ಲಿ, ಮುಳುಗಿದ ಹಡಗುಗಳ ಪಕ್ಕೆಯಲ್ಲಿ, ಜೆಟ್ಟಿಯ ಕಂಬಗಳ ಮೇಲೆ. ಕತ್ತಲಾದ ಮೇಲೆ ಪ್ರಾಣಿಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು, ಆಳದಿಂದ ಮೇಲೇಳುತ್ತವಲ್ಲ, ಆ ಹೊತ್ತಿಗೆ ಇದು ಬಾಯಿ ತೆರೆದು ಹರಿದು ಬಂದದ್ದನ್ನು ಹಿಡಿದು ತಿನ್ನುತ್ತದೆ. ಬೆಳಕು ಅದಕ್ಕೆ ವಿಷವೇನಲ್ಲ. ಆದರೆ ಜೋರು ಬೆಳಕಿನಲ್ಲಿ ಬರಿಯ ಕಲ್ಲಿನ ಮೇಲೆ ಪಾಚಿ ಕೂತು, ಉಳಿದ ಮಾಂಸವನ್ನೂ ಒತ್ತುತ್ತದೆ. ಹಾಗಾಗಿ ಮೊದಲ ಕೆಲಸ, ಹವಳವನ್ನು ದೀಪದ ನೇರ ಕೆಳಗಿನಿಂದ ತೆಗೆದು ಒಂದು ಬಂಡೆಯ ನೆರಳಿಗೆ ಸರಿಸಿ. ಅಲ್ಲಿ ನೀರಿನ ಹರಿವು ಇರಲಿ, ನಿಮ್ಮ ಕೈ ಸುಲಭವಾಗಿ ತಲುಪುವಂತೆಯೂ ಇರಲಿ. ಈ ಎರಡನೆಯ ಮಾತನ್ನು ಸಣ್ಣದೆಂದು ಬಿಡಬೇಡಿ. ಕೈಗೆ ಸಿಗದ ಮೂಲೆಯಲ್ಲಿಟ್ಟ ಸನ್ ಕೋರಲ್‌ಗೆ ಮೊದಲ ವಾರ ಊಟ ಸಿಗುತ್ತದೆ, ಮೂರನೆಯ ವಾರದಿಂದ ತಪ್ಪುತ್ತಾ ಹೋಗುತ್ತದೆ.

ಫೈಟೋಪ್ಲಾಂಕ್ಟನ್ ಅಂದರೆ ಸಸ್ಯಪ್ಲವಕ, ಕಣ್ಣಿಗೆ ಕಾಣದಷ್ಟು ಸಣ್ಣದು. ಟ್ಯೂಬಾಸ್ಟ್ರಿಯಾದ ಬಾಯಿ ಮಾಂಸದ ತುಣುಕು ನುಂಗುವ ಬಾಯಿ. ಅದಕ್ಕೆ ಬೇಕಾದದ್ದು ಮೈಸಿಸ್ ಎಂಬ ಪುಟ್ಟ ಸೀಗಡಿ, ಸಣ್ಣಗೆ ಹೆಚ್ಚಿದ ಹಸಿ ಸೀಗಡಿ, ಪೌಷ್ಟಿಕ ದ್ರಾವಣದಲ್ಲಿ ಬೆಳೆಸಿದ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ), ಸೈಕ್ಲೋಪ್ಸ್ ಎಂಬ ಸೂಕ್ಷ್ಮ ಜಲಜೀವಿ, ಮೀನಿನ ಮೊಟ್ಟೆ. ಹೆಪ್ಪುಗಟ್ಟಿಸಿದ ಮೈಸಿಸ್ ಒಂದೇ ಸಿಕ್ಕರೂ ಸಾಕು, ನಾನು ಅದನ್ನೇ ಮುಖ್ಯ ಊಟ ಎನ್ನುತ್ತೇನೆ. ಬರೀ ಆರ್ಟೀಮಿಯಾ ನಂಬಬೇಡಿ. ಮೊಟ್ಟೆಯಿಂದ ಹೊರಬಂದ ಮರಿಯಲ್ಲಿ ಸತ್ವ ಇರುತ್ತದೆ. ಒಂದು ದಿನ ಕಳೆದರೆ ಹೊಟ್ಟೆಯೊಳಗಿನ ಹಳದಿ ಭಂಡಾರ ಕರಗಿ, ಗಾತ್ರವಷ್ಟೇ ಉಳಿಯುತ್ತದೆ. ಮೀನು ಮಾರುಕಟ್ಟೆಯ ಸೀಗಡಿ ಬಳಸುವುದಾದರೆ ಉಪ್ಪು ಹಚ್ಚದ್ದು, ಕೆಡದಂತೆ ರಾಸಾಯನಿಕ ಹಾಕದ್ದು ಇರಲಿ. ಚೆನ್ನಾಗಿ ತೊಳೆದು ಎರಡು ಮೂರು ಮಿಲಿಮೀಟರಿನ ತುಣುಕು ಮಾಡಿ. ದೊಡ್ಡ ತುಣುಕು ಕೊಟ್ಟರೆ ಪಾಲಿಪ್, ಅಂದರೆ ಒಂದೊಂದು ಬಟ್ಟಲಿನಲ್ಲಿ ಕೂತಿರುವ ಬಾಯಿಯುಳ್ಳ ಪುಟ್ಟ ಜೀವಿ, ಆಸೆಯಿಂದ ಒಳಗೆಳೆದುಕೊಳ್ಳುತ್ತದೆ, ರಾತ್ರಿ ಯಾವಾಗಲೋ ಅರೆಬರೆ ಜೀರ್ಣವಾದದ್ದನ್ನು ಹೊರಹಾಕುತ್ತದೆ. ಹವಳಕ್ಕೂ ದಕ್ಕಲಿಲ್ಲ, ನೀರೂ ಕೆಟ್ಟಿತು.

ಈಗ ಊಟದ ಕ್ರಮ. ಟ್ಯಾಂಕಿನ ದೀಪ ಆರಿದ ಮೇಲೆ ಅಥವಾ ಮಂಕಾದ ಮೇಲೆ ಒಂದು ಲೋಟಕ್ಕೆ ಟ್ಯಾಂಕಿನದೇ ನೀರು ತೆಗೆದುಕೊಂಡು ಮೈಸಿಸ್ ಕರಗಿಸಿ. ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಯಂತ್ರ) ಮತ್ತು ರಿಟರ್ನ್ ಪಂಪ್ (ಶೋಧಿಸಿದ ನೀರನ್ನು ಟ್ಯಾಂಕಿಗೆ ಮರಳಿಸುವುದು) ನಿಲ್ಲಿಸಿ. ಟ್ಯಾಂಕಿನೊಳಗೆ ನೀರನ್ನು ಅಲುಗಿಸುವ ವೇವ್‌ಮೇಕರ್ ಮಾತ್ರ ನಿಧಾನಕ್ಕೆ ಓಡುತ್ತಿರಲಿ. ಲೋಟದ ನೀರನ್ನು ಪಿಪೆಟ್‌ನಲ್ಲಿ ಸ್ವಲ್ಪ ಎಳೆದು, ಹವಳದ ಮೇಲ್ಹರಿವಿನಲ್ಲಿ ಬಿಡಿ. ಇದು ಊಟವಲ್ಲ, ವಾಸನೆ. ಆಮೇಲೆ ಸುಮ್ಮನೆ ಕಾಯಬೇಕು. ಹದಿನೈದು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ.

ಚೆನ್ನಾಗಿರುವ ಹವಳವಾದರೆ ಮೊದಲು ಬಟ್ಟಲಿನ ಅಂಚು ಉಬ್ಬುತ್ತದೆ. ಆಮೇಲೆ ಒಳಗಿಂದ ಹಳದಿಯ ಪಾರದರ್ಶಕ ತುದಿಗಳು ಮೂಡಿ, ಒಂದೊಂದೇ ಬಾಹು ಉದ್ದವಾಗುತ್ತದೆ. ಪೂರ್ತಿ ತೆರೆದ ಮೇಲೆ ವೇವ್‌ಮೇಕರನ್ನೂ ನಿಲ್ಲಿಸಿ, ಪಿಪೆಟ್‌ನಿಂದ ಪ್ರತಿ ಪಾಲಿಪ್ ಮೇಲೆ ಒಂದೋ ಎರಡೋ ಮೈಸಿಸ್ ಇಳಿಬಿಡಿ. ಇಳಿಬಿಡಬೇಕು, ಚಿಮ್ಮಿಸಬಾರದು. ಜೋರಾಗಿ ಚಿಮ್ಮಿಸಿದರೆ ತೆರೆದದ್ದೆಲ್ಲ ಒಟ್ಟಿಗೆ ಮುಚ್ಚಿಕೊಂಡು ನೀವು ಮತ್ತೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಸರಿಯಾಗಿ ಬಿದ್ದ ಮೈಸಿಸ್ ಬಾಹುಗಳಿಗೆ ತಟ್ಟನೆ ಅಂಟುತ್ತದೆ. ಬಾಹುಗಳು ಒಳಮುಖವಾಗಿ ಮಡಚುತ್ತವೆ, ನಡುವಿನ ಸೀಳು ಬಾಯಿ ಅಗಲವಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಸೀಗಡಿ ಒಳಗೆ. ಎಷ್ಟು ಸಲ ನೋಡಿದರೂ ಬೇಸರ ಬರದ ದೃಶ್ಯ ಇದು. ನುಂಗಿ ಆದ ಮೇಲೆ ಪಂಪುಗಳನ್ನು ಮತ್ತೆ ಚಾಲೂ ಮಾಡಿ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನಿಲ್ಲಿಸಿದ ಪಂಪು ರಾತ್ರಿಯಿಡೀ ನಿಂತರೆ ಆಮ್ಲಜನಕ ಸಾಲದೆ ಮೀನುಗಳು ಸಾಯುತ್ತವೆ.

ಪ್ರತಿ ಪಾಲಿಪ್‌ಗೂ ಏಕೆ ಬೇರೆಬೇರೆ ಎಂದು ಕೇಳಬಹುದು. ನಾವು ಒಂದು ಹವಳ ಎಂದು ತರುವುದು ಹತ್ತಿಪ್ಪತ್ತು ಬಾಯಿಗಳ ಒಂದು ಕೂಡುಕುಟುಂಬ. ಅವುಗಳ ನಡುವೆ ತೆಳುವಾದ ಚರ್ಮದ ನಂಟಿದೆ ನಿಜ. ಆದರೆ ಈ ತುದಿಯ ಬಾಯಿ ತಿಂದದ್ದು ಆ ತುದಿಗೆ ಸಾಕಾಗುವಷ್ಟು ತಲುಪುವುದಿಲ್ಲ. ಊಟ ಕಡಿಮೆಯಾದಾಗ ಮೊದಲು ಸಾಯುವುದು ಈ ನಡುವಿನ ಚರ್ಮವೇ. ನಿಮ್ಮ ಹವಳದಲ್ಲಿ ಕಾಣುತ್ತಿರುವ ಬಿಳಿ ಕಲ್ಲು ಅದೇ.

ವಾರಕ್ಕೆ ಎಷ್ಟು ಸಲ? ಆರೋಗ್ಯವಾಗಿರುವ ಹವಳಕ್ಕೆ ಎರಡು ಮೂರು ಸಲ. ನಿಮ್ಮದರಂತೆ ಸೊರಗಿದ್ದಕ್ಕೆ ದಿನವೂ, ಅದೇ ಹೊತ್ತಿಗೆ. ಮೊದಲ ಕೆಲವು ಸಂಜೆ ಒಂದೂ ತೆರೆಯದಿರಬಹುದು. ಬಿಡದೆ ವಾಸನೆ ತೋರಿಸುತ್ತಾ ಹೋಗಿ. ಒಂದು ಪಾಲಿಪ್ ಅರ್ಧ ತೆರೆದರೂ ಅದಕ್ಕೊಂದು ಸಣ್ಣ ತುಣುಕು ಕೊಡಿ. ಮರುದಿನ ಅದರ ಪಕ್ಕದ್ದು ತೆರೆಯುತ್ತದೆ. ಕೆಲವು ವಾರ ಹೀಗೇ ಕಳೆದರೆ ಹೊತ್ತು ಗೊತ್ತಾದಂತೆ, ನೀವು ಲೋಟ ಹಿಡಿಯುವ ಮೊದಲೇ ಉಬ್ಬಿಕೊಂಡಿರುತ್ತವೆ. ಬರಿಗಲ್ಲಿನ ಮೇಲೆ ಕೂತ ಪಾಚಿಯನ್ನು ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯುತ್ತಿರಿ. ಚೆನ್ನಾಗಿ ತಿನ್ನತೊಡಗಿದ ಹವಳದಲ್ಲಿ ಚರ್ಮ ಆ ಕಲ್ಲಿನ ಮೇಲೆ ಮತ್ತೆ ಹಬ್ಬುತ್ತದೆ.

ಊಟ ಕದಿಯುವವರ ಕಾಟ ದೊಡ್ಡದು. ಕ್ಲೀನರ್ ಸೀಗಡಿ ಸೀದಾ ಹವಳದ ಮೇಲೇರಿ, ಬಾಯೊಳಗೆ ಕೈಹಾಕಿ ಅರ್ಧ ನುಂಗಿದ್ದನ್ನೂ ಎಳೆಯುತ್ತದೆ. ಪದೇಪದೇ ಹೀಗಾದರೆ ಪಾಲಿಪ್ ತೆರೆಯುವುದನ್ನೇ ಬಿಡುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ತೆಗೆದು, ಹವಳದ ಮೇಲೆ ಕವುಚಿ. ಬಾಟಲಿಯ ಬಾಯಿಂದ ಪಿಪೆಟ್ ಇಳಿಸಿ ತಿನ್ನಿಸಿ, ನುಂಗುವವರೆಗೆ ಹಾಗೇ ಬಿಟ್ಟು ತೆಗೆಯಿರಿ. ಇನ್ನೂ ಕೆಲವರು ಹವಳವನ್ನೇ ಟ್ಯಾಂಕಿನ ನೀರಿರುವ ಸಣ್ಣ ಡಬ್ಬಕ್ಕೆ ಸ್ಥಳಾಂತರಿಸಿ ಉಣಿಸುತ್ತಾರೆ. ಅದರಿಂದ ನೀರು ಕೊಳೆಯಾಗುವುದು ತಪ್ಪುತ್ತದೆ. ಆದರೆ ಪಾಲಿಪ್‌ಗಳು ಉಬ್ಬಿರುವಾಗ ಹವಳವನ್ನು ನೀರಿನಿಂದ ಮೇಲೆತ್ತಲೇಬೇಡಿ. ನೀರು ತುಂಬಿದ ಮಾಂಸ ತನ್ನದೇ ಭಾರಕ್ಕೆ ಜೋತು, ಕೆಳಗಿನ ಹರಿತವಾದ ಕಲ್ಲಿನ ಅಂಚಿಗೆ ಸಿಕ್ಕಿ ಹರಿಯುತ್ತದೆ. ಡಬ್ಬವನ್ನು ಟ್ಯಾಂಕಿನೊಳಗೆ ಮುಳುಗಿಸಿ, ನೀರಿನಡಿಯಲ್ಲೇ ಹವಳವನ್ನು ಅದರೊಳಗೆ ಸರಿಸಿ, ಡಬ್ಬದ ಸಮೇತ ಎತ್ತಿ.

ನೀರಿನ ವಿಷಯ ನಿಮಗೆ ಗೊತ್ತೇ ಇದೆ ಎಂದುಕೊಂಡು ಬೇಗ ಮುಗಿಸುತ್ತೇನೆ: ಉಷ್ಣತೆ 24ರಿಂದ 26 ಡಿಗ್ರಿ, ಲವಣಾಂಶ ಲೀಟರಿಗೆ 35 ಗ್ರಾಂ ಸುಮಾರು, ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಘಟಕ), ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ. ಬೆಳಕು ಬೇಡದ ಹವಳವೂ ಕಲ್ಲು ಕಟ್ಟುವುದರಿಂದ ಕ್ಯಾಲ್ಸಿಯಂ ಬೇಕೇ ಬೇಕು. ಇಷ್ಟು ಊಟ ಹಾಕಿದಾಗ ನೈಟ್ರೇಟ್, ಫಾಸ್ಫೇಟ್ ಏರುತ್ತವೆ. ಟ್ಯಾಂಕಿನ ಅಳತೆಗಿಂತ ಒಂದು ಮಟ್ಟ ದೊಡ್ಡ ಸ್ಕಿಮ್ಮರ್, ವಾರಕ್ಕೆ ಹತ್ತು ಹದಿನೈದು ಶೇಕಡಾ ನೀರು ಬದಲಾವಣೆ, ಸಾಧ್ಯವಾದರೆ ಸಂಪ್‌ನಲ್ಲಿ, ಅಂದರೆ ಶೋಧನೆಯ ಕೆಳತೊಟ್ಟಿಯಲ್ಲಿ, ಅವನ್ನು ಹೀರುವ ಕೀಟೊಮಾರ್ಫಾ ಪಾಚಿ, ಇವು ಬೇಕು. ನೀರು ಹಾಳಾದೀತು ಎಂಬ ಹೆದರಿಕೆಯಿಂದ ಊಟ ಕಡಿಮೆ ಮಾಡುವುದು ಮಾತ್ರ ಬೇಡ. ಶೋಧನೆಯನ್ನು ಊಟಕ್ಕೆ ಹೊಂದಿಸಬೇಕೇ ಹೊರತು ಊಟವನ್ನು ಶೋಧನೆಗಲ್ಲ.

ಚೆನ್ನಾಗಿ ಉಣಿಸುತ್ತಿದ್ದರೂ ತೆರೆಯದಿದ್ದರೆ ಇನ್ನೊಂದು ಅನುಮಾನ ಪಡಬೇಕು. ರಾತ್ರಿ ಟಾರ್ಚ್ ಹಿಡಿದು ಹವಳದ ಬುಡ ನೋಡಿ. ಎಪಿಟೋನಿಯಂ ಬಿಲ್ಲೀಯಾನಂ ಎಂಬ ಸುರುಳಿ ಮೆಟ್ಟಿಲಿನಂಥ ಚಿಪ್ಪಿನ ಸಣ್ಣ ಬಸವನಹುಳು ಈ ಹವಳವನ್ನೇ ತಿಂದು ಬದುಕುತ್ತದೆ. ಅದರ ಬಣ್ಣವೂ ಹಳದಿ, ಇಡುವ ಮೊಟ್ಟೆಗಳೂ ಹಳದಿ. ಕಿತ್ತಳೆ ಮಾಂಸದ ಮಧ್ಯೆ ಹಗಲು ಕಣ್ಣಿಗೆ ಬೀಳುವುದೇ ಇಲ್ಲ. ಚಿಮಟದಿಂದ ಹುಳುಗಳನ್ನೂ ಮೊಟ್ಟೆಗೊಂಚಲನ್ನೂ ತೆಗೆಯಿರಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಮೊಟ್ಟೆ ಉಳಿದಿದ್ದರೆ ಮತ್ತೆ ಹುಳು ಬರುತ್ತದೆ. ಫೆಸ್ಟಿಲ್ಲಾ ಎಂಬ ಚಿಪ್ಪಿಲ್ಲದ ಜಾತಿಯೊಂದೂ ಇದೆ, ತಿಂದ ಹವಳದ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತದೆ.

ಹೊಟ್ಟೆ ತುಂಬಿದ ಟ್ಯೂಬಾಸ್ಟ್ರಿಯಾ ಮನೆಯ ಟ್ಯಾಂಕಿನಲ್ಲೇ ಮರಿ ಹಾಕುತ್ತದೆ. ಕಿತ್ತಳೆ ಬಣ್ಣದ ಪುಟ್ಟ ಲಾರ್ವಾಗಳು ತೇಲಿ ಹೋಗಿ ಗಾಜಿನ ಮೇಲೆ, ಓವರ್‌ಫ್ಲೋ ಪೆಟ್ಟಿಗೆಯೊಳಗೆ ಕೂತು ಬಟ್ಟಲು ಕಟ್ಟುತ್ತವೆ. ಇದೇ ಗುಣ ಸಮುದ್ರದಲ್ಲಿ ತೊಂದರೆಯಾಗಿದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಟ್ಯೂಬಾಸ್ಟ್ರಿಯಾ ಕಾಕ್ಸಿನಿಯಾ 1943ರ ಹೊತ್ತಿಗೆ ಕೆರಿಬಿಯನ್‌ನಲ್ಲಿ ದಾಖಲಾಗಿತ್ತು. 1980ರ ದಶಕದಲ್ಲಿ ಬ್ರೆಜಿಲ್‌ನ ತೈಲ ವೇದಿಕೆಗಳ ಮೇಲೆ ಕಂಡಿತು. ಇಂದು ಅಲ್ಲಿಯ ಬಂಡೆಗಳಲ್ಲಿ ಸ್ಥಳೀಯ ಹವಳದ ಜಾಗ ಕಸಿಯುತ್ತಿದೆ. ಹಾಗಾಗಿ ಹವಳದ ತುಣುಕಾಗಲಿ ಟ್ಯಾಂಕಿನ ನೀರಾಗಲಿ ಯಾವ ಕಾರಣಕ್ಕೂ ಕಡಲಿಗೆ ಸೇರಬಾರದು.

ಇಷ್ಟು ವ್ಯಾಪಕವಾಗಿರುವ ಹವಳ ಅಂಗಡಿಯಲ್ಲಿ ಅಪರೂಪದ್ದೆಂದು ಮಾರಾಟವಾಗಲು ಕಾರಣ, ಟ್ಯಾಂಕುಗಳಲ್ಲಿ ಅದು ಹಸಿದು ಸಾಯುವುದು. ಕಪ್ಪು ಸನ್ ಕೋರಲ್, ಅಂದರೆ ಟ್ಯೂಬಾಸ್ಟ್ರಿಯಾ ಮೈಕ್ರಾಂಥಸ್, ಇನ್ನೂ ದುಬಾರಿ. ಅದಕ್ಕೆ ಹರಿವು ಜೋರಾಗಿರಬೇಕು, ಕಿತ್ತಳೆಯದಕ್ಕಿಂತ ಹಟಮಾರಿ. ಇನ್ನೂ ಮುಂದೆ ಹೋದರೆ ಡೆಂಡ್ರೊನೆಫ್ತಿಯಾ ಸಿಗುತ್ತದೆ: ಗುಲಾಬಿ, ಕೆಂಪು, ನೇರಳೆಯ ಮೃದು ಹವಳ, ಬಣ್ಣ ನೋಡಿದರೆ ಯಾರಾದರೂ ಸೋಲುತ್ತಾರೆ. ಅದಕ್ಕೆ ಮೈಸಿಸ್ ಕೊಟ್ಟು ಪ್ರಯೋಜನವಿಲ್ಲ. ಕೆಂಪು ಸಮುದ್ರದಲ್ಲಿ ಫಾಬ್ರಿಸಿಯಸ್, ಬೆನಾಯಾಹು, ಗೆನಿನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಮುಖ್ಯವಾಗಿ ಬದುಕುವುದು ಸಸ್ಯಪ್ಲವಕದ ಮೇಲೆ. ನಿಮ್ಮ ಬಾಟಲಿ ಸಲ್ಲಬೇಕಾದದ್ದು ಇಂಥ ಹವಳಕ್ಕೆ. ಅದೂ ದಿನಕ್ಕೊಂದು ಮುಚ್ಚಳವಲ್ಲ, ಹಗಲೂ ರಾತ್ರಿ ತಡೆಯಿಲ್ಲದೆ, ಹರಿಯುವ ನೀರಿನಲ್ಲಿ. ಫ್ರಿಜ್‌ನಿಂದ ಹನಿಹನಿಯಾಗಿ ಬಿಡುವ ಡೋಸಿಂಗ್ ಪಂಪ್, ಆ ಕೊಳೆಯನ್ನೆಲ್ಲ ತೆಗೆಯುವ ಶೋಧನೆ, ಅದಕ್ಕೆಂದೇ ಮೀಸಲಾದ ಟ್ಯಾಂಕ್ ಇಲ್ಲದವರು ಅದನ್ನು ಕೊಳ್ಳಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಸಾಮಾನ್ಯ ರೀಫ್ ಟ್ಯಾಂಕಿಗೆ ಬಂದ ಡೆಂಡ್ರೊನೆಫ್ತಿಯಾ ಕೆಲವು ತಿಂಗಳಲ್ಲಿ ಕುಗ್ಗಿ ಕರಗಿಹೋಗುತ್ತದೆ, ಅದನ್ನು ನೋಡುವುದು ಸಂಕಟ.

ನೀವು ಎಲ್ಲಿದ್ದೀರಿ ಎಂದು ಬರೆದಿಲ್ಲ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇದ್ದರೆ ಅಲ್ಲಿಯ ನಿಯಮ ನೋಡಿಕೊಳ್ಳಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದರೆ ಇದನ್ನು ಗಮನವಿಟ್ಟು ಓದಿ. ಕಲ್ಲು ಹವಳಗಳೆಲ್ಲ, ಅಂದರೆ ಟ್ಯೂಬಾಸ್ಟ್ರಿಯಾ ಸೇರಿರುವ ಸ್ಕ್ಲೆರಾಕ್ಟಿನಿಯಾ ಗಣ ಪೂರ್ತಿ, 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ. ನೇತ್ರಾಣಿ, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಅಂಡಮಾನ್‌ನಿಂದ ಒಂದು ತುಣುಕು ಕಿತ್ತು ತಂದರೂ, ಅದನ್ನು ಕೊಂಡರೂ ಅಪರಾಧ. ಈ ಗಣ ವನ್ಯಜೀವಿ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲೂ ಇರುವುದರಿಂದ ಹೊರದೇಶದಿಂದ ಬಂದದ್ದಕ್ಕೆ ರಫ್ತು ಅನುಮತಿಯ ಕಾಗದ ಇರಲೇಬೇಕು. ‘ಇಂಡೋನೇಷ್ಯಾ ಮಾಲು ಸಾರ್’ ಎಂಬ ಬಾಯಿಮಾತು ಸಾಲದು. ಕಾಗದ ತೋರಿಸದ ಅಂಗಡಿಯಿಂದ ಹವಳ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದು ಕಾಗದ ಇಲ್ಲವೆಂದಾದರೆ, ಊಟ ತಪ್ಪಿಸದೆ ನೋಡಿಕೊಳ್ಳುತ್ತಲೇ, ವನ್ಯಜೀವಿ ಕಾನೂನು ಬಲ್ಲ ವಕೀಲರೊಬ್ಬರನ್ನು ಬೇಗ ಕೇಳಿ.